ಗುರುಗಳಿಲ್ಲದ ವರ್ಷಗಳಲ್ಲಿ ಮನೆಯ ಪ್ರಾರ್ಥನೆ: ಒಂದು ಚಾರಿತ್ರಿಕ ಅವಲೋಕನ

ಕಲಬುರಗಿಯ ಕೋಟೆಯನ್ನು ಹೊಕ್ಕು ಸ್ವಲ್ಪ ಹೊತ್ತು ಸುಮ್ಮನೆ ನಿಂತವರಿಗೆ ಒಂದು ಸಂಗತಿ ತಾನಾಗಿಯೇ ಮನದಟ್ಟಾಗುತ್ತದೆ. 1347ರಲ್ಲಿ ಬಹಮನಿ ಸುಲ್ತಾನರು ಈ ಊರನ್ನು ತಮ್ಮ ರಾಜಧಾನಿಯನ್ನಾಗಿ ಮಾಡಿಕೊಂಡರು. ನೂರು ವರ್ಷ ತುಂಬುವ ಮುನ್ನವೇ ರಾಜಧಾನಿ ಬೀದರಿಗೆ ಹೋಯಿತು. ಕಂದಕ ಉಳಿಯಿತು, ಬುರುಜುಗಳು ಉಳಿದುವು, ಉದ್ದನೆಯ ಫಿರಂಗಿಗಳು ಉಳಿದುವು. ಆದರೆ ಅರಮನೆಯೆಲ್ಲಿ, ದರ್ಬಾರೆಲ್ಲಿ ಎಂದು ಕೇಳಿದರೆ ತೋರಿಸುವವರಿಲ್ಲ. ಇಡಿಯಾಗಿ ನಿಂತಿರುವುದು 1367ರಲ್ಲಿ ಕಟ್ಟಿದ ಜಾಮಿ ಮಸೀದಿ. ತೆರೆದ ಅಂಗಳವಿಲ್ಲದೆ ಮೇಲೆಲ್ಲ ಗುಮ್ಮಟಗಳಿಂದ ಮುಚ್ಚಿದ ಆ ಕಟ್ಟಡದ ಕಮಾನುಗಳ ಸಾಲಿನಲ್ಲಿ ನಡೆದಾಡುವ ಅನ್ಯಮತೀಯರಾದ ನಮಗೂ ದನಿ ತಗ್ಗಿಸಬೇಕೆನಿಸುತ್ತದೆ. ಆಳುವುದಕ್ಕೆಂದು ಕಟ್ಟಿದ್ದು ಬಿದ್ದುಹೋಗಿ ಪ್ರಾರ್ಥನೆಗೆಂದು ಕಟ್ಟಿದ್ದು ನಿಂತಿದೆ.

ಶತಮಾನೋತ್ಸವದ ಈ ಸಂಚಿಕೆಯಲ್ಲಿ ನಮ್ಮ ದೇವಾಲಯದ ಕಲ್ಲು, ಗಂಟೆ, ಪೀಠಗಳ ವಿಷಯವನ್ನು ಇತರರು ಬರೆಯುತ್ತಾರೆ, ಬರೆಯತಕ್ಕದ್ದೇ. ನಾವು ಇಲ್ಲಿ ವಾಚಕರ ಮುಂದಿಡಲು ಬಯಸುವ ಪ್ರಶ್ನೆ ಬೇರೆ. ಕಟ್ಟಡವೇ ಇಲ್ಲದೆ ಹೋದಾಗ, ಗುರುಗಳೂ ಇಲ್ಲದೆ ಹೋದಾಗ, ಬಲಿಪೂಜೆಯಿಲ್ಲ, ಪಾಪನಿವೇದನೆಯಿಲ್ಲ, ಪರಮಪ್ರಸಾದವಿಲ್ಲ ಎಂಬ ಕಾಲ ಬಂದಾಗ ಕ್ರೈಸ್ತರ ಬಳಿ ಉಳಿಯುವುದೇನು? ಇದು ಕಲ್ಪನೆಯ ಪ್ರಶ್ನೆಯಲ್ಲ. ಕನ್ನಡ ನಾಡಿನ ಇನ್ನೊಂದು ಕೋಟೆಯಲ್ಲಿ, ಶ್ರೀರಂಗಪಟ್ಟಣದಲ್ಲಿ, ಹದಿನೈದು ವರ್ಷಗಳ ಕಾಲ ಸಾವಿರಾರು ಮಂದಿ ಕಥೋಲಿಕರು ಈ ಪ್ರಶ್ನೆಯ ನಡುವೆಯೇ ಬದುಕಿದರು.

ಅಲ್ಲಿಗೆ ಹೋಗುವ ಮುನ್ನ ನಮ್ಮ ಸೀಮೆಯ ಒಂದು ಮಾತು. ರಾಯಚೂರು ಜಿಲ್ಲೆಯ ಮುದಗಲ್ಲು ಕೂಡ ಕೋಟೆಯ ಊರೇ. ಅಲ್ಲಿಯ ಕ್ರೈಸ್ತ ಸಮುದಾಯದ ಮೂಲ 16ನೆಯ ಶತಮಾನದಷ್ಟು ಹಳೆಯದು. ವಿಜಯಪುರದ ಆದಿಲಶಾಹಿ ಹೋಯಿತು, ಮೊಗಲರು ಬಂದು ಹೋದರು, ನಿಜಾಮರ ಆಳ್ವಿಕೆ ಬಂದಿತು. ಗೋವೆಯಾಗಲಿ ಹೈದರಾಬಾದಾಗಲಿ ಹತ್ತಿರದ ಊರುಗಳಲ್ಲ. ಕಲಬುರಗಿ, ಬೀದರ, ವಿಜಯಪುರ ಸೀಮೆಗಳಿಗೆ ಸ್ವಂತ ಧರ್ಮಾಧ್ಯಕ್ಷರು ಬಂದದ್ದೇ 2005ರಲ್ಲಿ, ಕಲಬುರಗಿ ಧರ್ಮಕ್ಷೇತ್ರ ಸ್ಥಾಪನೆಯಾದಾಗ. ಅದಕ್ಕೆ ಮೊದಲಿನ ತಲೆಮಾರುಗಳು ಗುರುಗಳಿಗಾಗಿ ಕಾದ ದಿನಗಳೆಷ್ಟು ಎಂಬುದನ್ನು ಹಿರಿಯರಿಗೆ ಹೇಳಬೇಕಾಗಿಲ್ಲ. ಆದುದರಿಂದ ಶ್ರೀರಂಗಪಟ್ಟಣದ ಕಥೆ ಕರಾವಳಿಯವರದು, ನಮ್ಮದಲ್ಲ ಎಂದು ಯಾರೂ ತಿಳಿಯಬಾರದು.

ಆ ಕಥೆಯ ಹಿನ್ನೆಲೆಯನ್ನು ಚುಟುಕಾಗಿ ಹೇಳುವುದಾದರೆ ಹೀಗೆ. ಮೈಸೂರಿಗೂ ಇಂಗ್ಲಿಷರಿಗೂ 1780ರಿಂದ 1784ರವರೆಗೆ ಯುದ್ಧ ನಡೆಯಿತು. ಆ ಯುದ್ಧದಲ್ಲಿ ಕೆನರಾದ ಕ್ರೈಸ್ತರು ಇಂಗ್ಲಿಷರಿಗೆ ನೆರವಾದರೆಂಬ ಸಂಶಯ ಟಿಪ್ಪು ಸುಲ್ತಾನನಿಗೆ ಬಲವಾಗಿತ್ತು. 1784ರ ಬೂದಿ ಬುಧವಾರದ ಹೊತ್ತಿಗೆ ಅವರನ್ನು ಸೆರೆಹಿಡಿಯುವ ಕಾರ್ಯ ನಡೆಯಿತೆಂದು ಪರಂಪರೆ ಹೇಳುತ್ತದೆ. ಗುರುಗಳನ್ನು ಗೋವೆಯ ಕಡೆಗೆ ಗಡೀಪಾರು ಮಾಡಲಾಯಿತು. 27 ದೇವಾಲಯಗಳು ನೆಲಸಮವಾದುವೆಂಬುದು ಮಂಗಳೂರಿನ ಚರಿತ್ರಕಾರರ ಲೆಕ್ಕ. ಗಂಡಸರು, ಹೆಂಗಸರು, ಮಕ್ಕಳು ಘಟ್ಟವನ್ನು ಹತ್ತಿ ಶ್ರೀರಂಗಪಟ್ಟಣಕ್ಕೆ ನಡೆದರು. ದಾರಿಯಲ್ಲಿಯೇ ಸತ್ತವರು ಅನೇಕರು. ಸೆರೆಯಾದವರ ಸಂಖ್ಯೆಯಲ್ಲಿ ಬರಹಗಾರರಿಗೆ ಒಮ್ಮತವಿಲ್ಲ: ಕೆಲವರು 60,000 ಎಂದರೆ ಕೆಲವರು ಅದರ ಅರ್ಧದಷ್ಟು ಎನ್ನುತ್ತಾರೆ. ಅದೇ ಅರಸನು ಶೃಂಗೇರಿ ಮಠಕ್ಕೆ ನೆರವು ನೀಡಿದನೆಂಬುದೂ ಚರಿತ್ರೆಯೇ. ಕೊಡಗಿನವರೂ ಮಲಬಾರಿನ ನಾಯರರೂ ಸೆರೆಯಾಗಿ ಬಂದರೆಂಬುದೂ ಚರಿತ್ರೆಯೇ. ನೆರೆಹೊರೆಯವರ ಮೇಲೆ ಇಂದು ಕೋಪ ತಾಳುವುದಕ್ಕಾಗಿ ನಾವು ಇದನ್ನು ನೆನೆಯುತ್ತಿಲ್ಲ. ಸೆರೆಯಾದವರ ಮನೆಗಳ ಒಳಗೆ ಏನು ಉಳಿಯಿತೆಂಬುದೇ ನಮ್ಮ ವಿಷಯ.

ಈ ವಿಷಯದಲ್ಲಿ ನಮಗೆ ಸಿಗುವ ಮುಖ್ಯ ಸಾಕ್ಷಿಯೊಬ್ಬರಿದ್ದಾರೆ. ಅವರು ಹೇಳುವ ಮಾತು ಕಹಿಯಾದುದು. ಪ್ಯಾರಿಸಿನ ವಿದೇಶೀ ಧರ್ಮಪ್ರಚಾರ ಸಂಸ್ಥೆಯ ಗುರುಗಳಾದ ಅಬ್ಬೆ ದುಬುವಾ ಅವರು 1792ರಲ್ಲಿ ಭಾರತಕ್ಕೆ ಬಂದವರು. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದ ಮೇಲೆ ಚದುರಿಹೋಗಿದ್ದ ಕ್ರೈಸ್ತರನ್ನು ಒಟ್ಟುಗೂಡಿಸಲು ಅಲ್ಲಿಗೆ ಬಂದರು. ಈ ದೇಶದ ಉಡುಪನ್ನುಟ್ಟು, ಈ ದೇಶದ ಊಟವನ್ನುಂಡು, ಜನರಿಂದ ದೊಡ್ಡಸ್ವಾಮಿಗಳೆಂದು ಕರೆಯಿಸಿಕೊಂಡರು. ಗಂಜಾಮಿನಲ್ಲಿ ದೇವಾಲಯ ಕಟ್ಟಿಸಿದರು. ಹಾಸನದ ಬಳಿಯ ಸತ್ತಿಹಳ್ಳಿಯಲ್ಲಿ ನೆಲೆಯಿಲ್ಲದವರಿಗೆ ಬೇಸಾಯದ ನೆಲೆ ಮಾಡಿಕೊಟ್ಟರು. ಸಿಡುಬಿನ ವಿರುದ್ಧ ಸಾವಿರಾರು ಜನರಿಗೆ ದಾಕು ಹಾಕಿಸಿದರು. ಇಂಥವರು 1823ರಲ್ಲಿ ಪ್ರಕಟವಾದ ತಮ್ಮ ಪತ್ರಗಳಲ್ಲಿ ಸೆರೆಯಾದ ಕ್ರೈಸ್ತರ ವಿಷಯವಾಗಿ ಬರೆದದ್ದೇನು? ಅಷ್ಟು ಸಾವಿರ ಜನರಲ್ಲಿ ಒಬ್ಬನಿಗೂ ತನ್ನ ವಿಶ್ವಾಸವನ್ನು ಬಹಿರಂಗವಾಗಿ ಒಪ್ಪಿಕೊಂಡು ರಕ್ತಸಾಕ್ಷಿಯಾಗುವ ಧೈರ್ಯವಿರಲಿಲ್ಲ, ಎಲ್ಲರೂ ಬಲವಂತಕ್ಕೆ ತಲೆಬಾಗಿದರು, ಇದು ನಾಚಿಕೆಗೇಡು ಎಂದು.

ಶತಮಾನೋತ್ಸವದ ಸಂಚಿಕೆಗಳಲ್ಲಿ ಇಂಥ ಮಾತುಗಳನ್ನು ಸಾಮಾನ್ಯವಾಗಿ ಬಿಟ್ಟುಬಿಡುತ್ತಾರೆ. ಪೂರ್ವಜರೆಲ್ಲರೂ ವೀರರಾಗಿದ್ದರೆಂದು ಬರೆಯುವುದು ಸುಲಭ. ಆದರೆ ಅಬ್ಬೆಯವರ ಪತ್ರವನ್ನು ಅರ್ಧಕ್ಕೆ ಮುಚ್ಚದೆ ಮುಂದಕ್ಕೆ ಓದಿದವರಿಗೆ ಇನ್ನೊಂದು ಸಂಗತಿ ಕಾಣುತ್ತದೆ. ಕೋಟೆ ಬಿದ್ದ ಕೂಡಲೇ ಅದೇ ಜನ ಹಿಂದಕ್ಕೆ ಬಂದರು. ತಾವು ತಲೆಬಾಗಿಸಿದ್ದು ಹೊರಗೆ ಮಾತ್ರ, ಎದೆಯೊಳಗೆ ಕ್ರಿಸ್ತರ ವಿಶ್ವಾಸವನ್ನು ಬಿಡಲಿಲ್ಲ ಎಂದು ಗುರುಗಳ ಮುಂದೆ ಹೇಳಿಕೊಂಡರು. ಸುಮಾರು 2,000 ಮಂದಿ ತಮ್ಮ ಬಳಿಗೇ ಬಂದರೆಂದೂ ಸುಮಾರು 20,000 ಮಂದಿ ಮಂಗಳೂರಿನ ಸೀಮೆಗೆ ಹಿಂದಿರುಗಿ ತಮ್ಮ ದೇವಾಲಯಗಳನ್ನು ಮತ್ತೆ ಕಟ್ಟಿದರೆಂದೂ ಬರೆದವರು ಅವರೇ. ದೂರು ಕೊಟ್ಟವರ ಬಾಯಿಂದಲೇ ಬಂದ ಈ ಸಾಕ್ಷ್ಯಕ್ಕೆ ಹೆಚ್ಚಿನ ಬೆಲೆಯಿದೆಯೆಂದು ನಮ್ಮ ಅಭಿಪ್ರಾಯ.

ಹದಿನೈದು ವರ್ಷವೆಂದರೇನು? 1784ರಲ್ಲಿ ತಾಯಿಯ ಕಂಕುಳಲ್ಲಿದ್ದ ಕೂಸು 1799ರಲ್ಲಿ ಮೀಸೆ ಮೂಡುವ ಹುಡುಗ. ಅವನು ದೇವಾಲಯದ ಗಂಟೆಯನ್ನು ಕೇಳಿದವನಲ್ಲ, ಗುರುಗಳ ಮುಖವನ್ನು ಕಂಡವನಲ್ಲ. ಹೊರಗಡೆ ಅವನಿಗೆ ಬೇರೆ ಹೆಸರು, ಬೇರೆ ವೇಷ. ಅಂಥವನು ಗುರುಗಳನ್ನು ಹುಡುಕಿಕೊಂಡು ಬರಬೇಕಾದರೆ, ನೀನು ಯಾರೆಂಬುದನ್ನು ಮನೆಯಲ್ಲಿ ಯಾರೋ ಪ್ರತಿದಿನ ಅವನಿಗೆ ಹೇಳಿಕೊಟ್ಟಿರಲೇಬೇಕು. ಪೀಠವಿಲ್ಲದ, ಪುಸ್ತಕವಿಲ್ಲದ ಮನೆಯಲ್ಲಿ ಹೇಳಿಕೊಡಲು ಇರುವುದು ನಾಲಗೆಯ ಮೇಲಿನ ಪ್ರಾರ್ಥನೆಗಳು: ಪ್ರಭು ಕಲಿಸಿದ ಜಪ, ನಮೋ ಮರಿಯಾ, ವಿಶ್ವಾಸಪ್ರಮಾಣ, ಪಶ್ಚಾತ್ತಾಪದ ಜಪ. ಮಂಗಳೂರಿನ ಹಿರಿಯರು ಇದಕ್ಕೆ ಕ್ರಿಸ್ತಪುರಾಣದ ಹೆಸರನ್ನೂ ಸೇರಿಸುತ್ತಾರೆ. ಯೇಸುಸಭೆಯ ತೋಮಸ್ ಸ್ಟೀಫನ್ಸ್ ಅವರು ಮರಾಠಿಯಲ್ಲಿ ರಚಿಸಿ 1616ರಲ್ಲಿ ಅಚ್ಚಾದ, ಸುಮಾರು 11,000 ಪದ್ಯಗಳ ಆ ಕಾವ್ಯವನ್ನು ಕೆನರಾದ ಮನೆಗಳಲ್ಲಿ ಹಾಡುತ್ತಿದ್ದರು. ಕಂಠಸ್ಥವಾಗಿದ್ದ ಆ ಪದ್ಯಗಳು ಸೆರೆಯಲ್ಲಿಯೂ ಸಮಾಧಾನ ತಂದುವೆಂಬುದು ಅವರ ನಂಬಿಕೆ. ಮಂಗಳೂರಿನಲ್ಲಿ ಉಳಿದಿದ್ದ ಪ್ರತಿಗಳ ಆಧಾರದಿಂದಲೇ 1907ರಲ್ಲಿ ಸಲ್ಡಾನರು ಅದನ್ನು ಅಲ್ಲಿ ಮತ್ತೆ ಅಚ್ಚು ಹಾಕಿಸಿದರು.

ಇಲ್ಲಿ ನಾವು ಹೇಳಬೇಕೆಂದಿರುವ ಮಾತನ್ನು ನೇರವಾಗಿ ಹೇಳಿಬಿಡುವುದು ಲೇಸು. ಶ್ರದ್ಧೆಯ ಪ್ರಾರ್ಥನೆ ಬಲಶಾಲಿಗಳ ಆಭರಣವೆಂದು ನಾವು ಸಾಮಾನ್ಯವಾಗಿ ಭಾವಿಸುತ್ತೇವೆ. ಸಂತರ ಚಿತ್ರಪಟಗಳು ಆ ಭಾವನೆಯನ್ನು ಬೆಳೆಸಿವೆ. ಶ್ರೀರಂಗಪಟ್ಟಣದ ಜನ ಬಲಶಾಲಿಗಳಾಗಿರಲಿಲ್ಲ. ಅವರು ಹೆದರಿದರು, ಮಣಿದರು, ಮಕ್ಕಳನ್ನು ಉಳಿಸಿಕೊಳ್ಳುವುದಕ್ಕಾಗಿ ಹೇಳಿದಂತೆ ಕೇಳಿದರು. ಆದರೆ ಬಿದ್ದವನು ಎದ್ದು ಬರಲು ಒಂದು ಹಗ್ಗ ಬೇಕು. ರಾತ್ರಿ ಬಾಗಿಲು ಹಾಕಿಕೊಂಡು, ದನಿಯಿಲ್ಲದೆ ತುಟಿಯಾಡಿಸಿ ಹೇಳಿದ ಜಪವೇ ಅವರ ಪಾಲಿಗೆ ಆ ಹಗ್ಗವಾಯಿತು. ಪೇತ್ರನೂ ಮೂರು ಬಾರಿ ಅಲ್ಲಗಳೆದವನೇ ಅಲ್ಲವೆ? ಅಬ್ಬೆ ದುಬುವಾ ಅವರ ತೀರ್ಪು ಕಠಿಣವಾಯಿತೆಂದು ನಮಗೆ ತೋರುತ್ತದೆ. ಆದರೂ ಆ ಪಶ್ಚಾತ್ತಾಪಿಗಳನ್ನು ಒಬ್ಬೊಬ್ಬರನ್ನಾಗಿ ಬರಮಾಡಿಕೊಂಡವರೂ, ಅವರಿಗೆ ಹೊಲಮನೆ ಒದಗಿಸಿದವರೂ ಅವರೇ ಎಂಬುದನ್ನು ಮರೆಯಬಾರದು. ಅವರ ಕೈ ಅವರ ಲೇಖನಿಗಿಂತ ಮೃದುವಾಗಿತ್ತು.

ಇಂಥದೇ ಇನ್ನೊಂದು ನಿದರ್ಶನ ದೂರದ ಜಪಾನಿನಲ್ಲಿದೆ. ಅದಕ್ಕೂ ಅಬ್ಬೆಯವರ ಸಂಸ್ಥೆಯ ಗುರುಗಳೇ ಸಾಕ್ಷಿ. 1614ರಲ್ಲಿ ಅಲ್ಲಿ ಕ್ರೈಸ್ತಧರ್ಮಕ್ಕೆ ದೇಶವ್ಯಾಪಿ ನಿಷೇಧ ಬಂದಿತು. ಕಾಲಕ್ರಮದಲ್ಲಿ ಒಬ್ಬ ಗುರುವೂ ಉಳಿಯಲಿಲ್ಲ. ನಾಗಸಾಕಿಯ ಸುತ್ತಲಿನ ಬೇಸಾಯಗಾರರೂ ಬೆಸ್ತರೂ ತಮ್ಮೊಳಗೇ ಒಬ್ಬನನ್ನು ಮಕ್ಕಳಿಗೆ ದೀಕ್ಷಾಸ್ನಾನ ಕೊಡಲು ನೇಮಿಸಿಕೊಂಡು, ಪ್ರಾರ್ಥನೆಗಳನ್ನು ಬಾಯಿಂದ ಬಾಯಿಗೆ ದಾಟಿಸಿದರು. ಅವಕ್ಕೆ ಅವರಿಟ್ಟ ಹೆಸರು 'ಒರಾಶೊ'. ಪ್ರಾರ್ಥನೆ ಎಂಬರ್ಥದ ಲತೀನು ಪದವೇ ಅವರ ನಾಲಗೆಯಲ್ಲಿ ಹೀಗಾಗಿತ್ತು. ಮಂತ್ರದ ಅರ್ಥ ಎಷ್ಟೋ ಕಡೆ ಮಸುಕಾಯಿತು, ಉಚ್ಚಾರ ಸವೆಯಿತು, ಹೇಳುವುದು ಮಾತ್ರ ನಿಲ್ಲಲಿಲ್ಲ. 1865ರ ಮಾರ್ಚ್ 17ರಂದು ನಾಗಸಾಕಿಯ ಔರಾದಲ್ಲಿ ಆಗತಾನೆ ಕಟ್ಟಿದ್ದ ದೇವಾಲಯದಲ್ಲಿ ಪೆತಿಜಾನ್ ಸ್ವಾಮಿಗಳು ಪ್ರಾರ್ಥನೆಯಲ್ಲಿದ್ದಾಗ ಕೆಲವರು ಹಳ್ಳಿಗರು ಹತ್ತಿರ ಬಂದರು. ತಮ್ಮ ಹೃದಯವೂ ಅವರ ಹೃದಯವೂ ಒಂದೇ ಎಂದು ಒಬ್ಬ ಹೆಂಗಸು ಪಿಸುಗುಟ್ಟಿ, ಮರಿಯಮ್ಮನವರ ಪ್ರತಿಮೆ ಎಲ್ಲಿದೆಯೆಂದು ಕೇಳಿದಳು. ಇನ್ನೂರೈವತ್ತು ವರ್ಷಗಳ ಮೇಲೆ ಕೇಳಿದ ಪ್ರಶ್ನೆಯದು.

ಧರ್ಮಸಭೆಯ ಬೋಧನೆ ಈ ಅನುಭವಕ್ಕೆ ಹೊರತಾದುದಲ್ಲ. ಜಗದ್ಗುರು 13ನೆಯ ಲಿಯೋ ಅವರು 1883ರಲ್ಲಿ ಅಕ್ಟೋಬರ್ ತಿಂಗಳನ್ನು ಜಪಸರಕ್ಕೆ ಮೀಸಲಿಡುವಂತೆ ವಿಶ್ವಪತ್ರ ಬರೆದರು. ದ್ವಿತೀಯ ವತಿಕನ್ ಮಹಾಸಭೆ 1964ರಲ್ಲಿ ಕುಟುಂಬವನ್ನು ಮನೆಯ ಧರ್ಮಸಭೆಯೆಂಬ ಅರ್ಥದಲ್ಲಿ ಕಂಡಿತು. 6ನೆಯ ಪೌಲರು 1974ರಲ್ಲಿ ಅದೇ ಮಾತನ್ನೆತ್ತಿಕೊಂಡು ಕುಟುಂಬದ ಜಪಸರವನ್ನು ವಿಶೇಷವಾಗಿ ಹೊಗಳಿದರು. ನಮ್ಮ ಅಜ್ಜಿಯರು ಇವುಗಳಲ್ಲಿ ಒಂದನ್ನೂ ಓದಿದವರಲ್ಲ.

ಅವರು ಮಾಡುತ್ತಿದ್ದುದನ್ನು ನಾವು ಕಂಡಿದ್ದೇವೆ. ಸಂಜೆಯ ದೀಪ ಹಚ್ಚಿ, ಚಾಪೆ ಹಾಸಿ, ಕೈಕಾಲು ತೊಳೆದು ಬಾ ಎಂದು ಮಕ್ಕಳನ್ನು ಗದರಿಸಿ ಕೂರಿಸುತ್ತಿದ್ದರು. ಐದು ರಹಸ್ಯಗಳು ಮುಗಿದರೂ ಜಪ ಮುಗಿಯುತ್ತಿರಲಿಲ್ಲ: ಸತ್ತ ತಾತನಿಗೊಂದು, ಹೆರಿಗೆಗೆ ಹೋದ ಸೊಸೆಗೊಂದು, ಮಳೆಗೊಂದು, ಸಾಲ ಕೊಟ್ಟವನ ಮನಸ್ಸು ಮೆತ್ತಗಾಗಲೆಂದು ಇನ್ನೊಂದು. ನಿದ್ದೆಗಣ್ಣಿನ ನಾವು ಒಳಗೊಳಗೇ ಗೊಣಗಿದ್ದುಂಟು. ಆದರೆ ಆ ಮನೆಯ ಕಷ್ಟಸುಖವೆಲ್ಲ ಮಕ್ಕಳಾದ ನಮಗೆ ತಿಳಿದದ್ದು ಆ ಕೊನೆಯ ಜಪಗಳಿಂದಲೇ. ಕರಾವಳಿಯಿಂದ ಬಂದ ಮನೆಗಳಲ್ಲಿ ಜಪಸರ ಮುಗಿದೊಡನೆ ಚಿಕ್ಕವರು ಹಿರಿಯರ ಬಳಿ ಸಾಲಾಗಿ ಬಂದು 'ಬೆಸಾಂವ್' ಎಂದು ಆಶೀರ್ವಾದ ಬೇಡುವ ವಾಡಿಕೆ. ಹಗಲೆಲ್ಲ ಜಗಳವಾಡಿದ ಮಗನೂ ಆ ಹೊತ್ತಿಗೆ ಅಪ್ಪನ ಮುಂದೆ ಕೈಮುಗಿಯಲೇಬೇಕಾಗಿತ್ತು. ಎಷ್ಟೋ ಮನಸ್ತಾಪಗಳು ಪಂಚಾಯಿತಿಯಿಲ್ಲದೆ ಹಾಗೆಯೇ ತೀರಿಹೋದುವು.

ಈಗ ಮನೆಯವರೆಲ್ಲ ಒಂದು ಹೊತ್ತಿಗೆ ಸೇರುವುದೇ ದುಸ್ತರವೆಂಬ ದೂರನ್ನು ನಾವು ಕೇಳುತ್ತೇವೆ, ಹೇಳುತ್ತೇವೆ. ಒಬ್ಬನು ಕಮಲಾಪುರದಿಂದ ಕೊನೆಯ ಬಸ್ಸಿಗೆ ಬರುತ್ತಾನೆ, ಒಬ್ಬಳಿಗೆ ಆಸ್ಪತ್ರೆಯಲ್ಲಿ ರಾತ್ರಿಯ ಪಾಳಿ, ಮಕ್ಕಳಿಗೆ ಮನೆಪಾಠ, ಎಲ್ಲರ ಕೈಯಲ್ಲೂ ಮೊಬೈಲು. ದೂರು ಸುಳ್ಳಲ್ಲ. ಆದರೆ ಸೆರೆಯಲ್ಲಿದ್ದವರಿಗೆ ಅನುಕೂಲದ ಹೊತ್ತು ಇತ್ತೆಂದು ಯಾರೂ ಹೇಳಲಾರರು. ಉದ್ದವಾಗಿ ಹೇಳಿದ್ದರಿಂದ ಅವರ ಜಪ ಶ್ರದ್ಧೆಯದಾಗಲಿಲ್ಲ. ಬಿಡದೆ ಹೇಳಿದ್ದರಿಂದ ಆಯಿತು. ಬಸ್ಸಿನಲ್ಲಿ ಕುಳಿತು ಬೆರಳ ಗೆಣ್ಣುಗಳ ಮೇಲೆ ಹತ್ತು ನಮೋ ಮರಿಯಾ ಎಣಿಸುವವನ ಪ್ರಾರ್ಥನೆಯೂ ಆ ಸಾಲಿಗೆ ಸೇರಿದ್ದೇ.

ಮಂಗಳೂರಿಗೆ ಹಿಂದಿರುಗಿದವರ ವಿಷಯದಲ್ಲಿ ಒಂದು ವಿವರವನ್ನು ಹೇಳದೆ ಬಿಡಲಾಗದು. ಅವರು 1799ರಿಂದ ಹಿಂದಿರುಗತೊಡಗಿದರು. ಮಿಲಾಗ್ರಿಸ್ ದೇವಾಲಯ ಮತ್ತೆ ಎದ್ದದ್ದು 1811ರಲ್ಲಿ, ರೊಸಾರಿಯೊ ದೇವಾಲಯ 1813ರಲ್ಲಿ. ಮೊದಲು ಮನೆಗಳು, ಹೊಲಗಳು, ಮನೆಯೊಳಗಿನ ಜಪ. ಕಲ್ಲಿನ ದೇವಾಲಯ ಆಮೇಲೆ. ನಮ್ಮ ದೇವಾಲಯಕ್ಕೆ ನೂರು ವರ್ಷವಾಯಿತೆಂದು ಎಣಿಸುವಾಗ, ಅದಕ್ಕೂ ಮೊದಲು ಇಲ್ಲಿಯ ಮನೆಗಳಲ್ಲಿ ನಡೆದ ಪ್ರಾರ್ಥನೆಯ ವರ್ಷಗಳನ್ನು ಯಾವ ದಾಖಲೆ ಪುಸ್ತಕವೂ ಲೆಕ್ಕವಿಟ್ಟಿಲ್ಲ.

ಆದುದರಿಂದ ಧರ್ಮಕೇಂದ್ರದ ಬಂಧುಗಳಲ್ಲಿ ನಮ್ಮದೊಂದು ವಿನಂತಿ. ಕೈಬರಹದ ಜಪಪುಸ್ತಕಗಳು, ಹುಳು ತಿಂದ ಜ್ಞಾನೋಪದೇಶದ ಹೊತ್ತಗೆಗಳು, ಹಾಳೆ ಕಳಚಿದ ಕೀರ್ತನೆಯ ಪುಸ್ತಕಗಳು ಯಾರ ಮನೆಯ ಪೆಟ್ಟಿಗೆಯಲ್ಲಾದರೂ ಇದ್ದರೆ ದಯವಿಟ್ಟು ರದ್ದಿಗೆ ಹಾಕಬೇಡಿರಿ; ಗುರುಗಳ ಮನೆಗೆ ತಂದು ತೋರಿಸಿರಿ. ಪುಸ್ತಕವಿಲ್ಲದ ಮನೆಗಳಲ್ಲಿ ಹಿರಿಯರಿದ್ದರೆ, ಜಪಸರದ ಕೊನೆಯಲ್ಲಿ ಅವರು ಯಾರು ಯಾರಿಗಾಗಿ ಪ್ರಾರ್ಥಿಸುತ್ತಿದ್ದರೆಂಬುದನ್ನು ಕೇಳಿ, ಅವರು ಹೇಳಿದ ಕ್ರಮದಲ್ಲಿಯೇ, ಅವರ ಮಾತಿನಲ್ಲಿಯೇ ಬರೆದಿಟ್ಟುಕೊಳ್ಳಿರಿ.