ತಡೆದ ಮದುವೆಗಳ ಲೆಕ್ಕ, ಉಳಿದ ಮಕ್ಕಳ ಲೆಕ್ಕ

"ಈ ವರ್ಷ ಜಿಲ್ಲೆಯಲ್ಲಿ ಇಷ್ಟು ಬಾಲ್ಯವಿವಾಹಗಳನ್ನು ತಡೆಯಲಾಗಿದೆ." ಪತ್ರಿಕೆಯ ಜಿಲ್ಲಾ ಪುಟ ಓದುವವರಿಗೆಲ್ಲ ಈ ಸಾಲು ಪರಿಚಿತ. ನಮ್ಮ ಚಿತ್ರದುರ್ಗದ ಕಡೆಯವರಿಗಂತೂ ಬಾಯಿಪಾಠವೇ ಆಗಿದೆ. ಓದಿದಾಗ ಖುಷಿಯಾಗುತ್ತದೆ, ಸುಳ್ಳು ಹೇಳಬಾರದು. ಆದರೆ ಪುಟ ಮಗುಚುವಷ್ಟರಲ್ಲಿ ಒಂದು ಪ್ರಶ್ನೆ ಕಾಡುತ್ತದೆ: ತಡೆದ ಮೇಲೆ ಆ ಹುಡುಗಿ ಏನಾದಳು? ಶಾಲೆಗೆ ಹೋದಳಾ? ಅಥವಾ ಎರಡು ತಿಂಗಳು ಬಿಟ್ಟು ಇನ್ಯಾವುದೋ ಊರಿನ ಗುಡಿಯಲ್ಲಿ ಸದ್ದಿಲ್ಲದೆ ತಾಳಿ ಬಿತ್ತಾ? ಆ ಸಾಲಿನಲ್ಲಿ ಇದಕ್ಕೆ ಉತ್ತರ ಇರುವುದಿಲ್ಲ.

ಮಕ್ಕಳ ಪರವಾಗಿ ದನಿ ಎತ್ತುವ ಸ್ವಯಂಸೇವಕರು ತಮ್ಮ ಕೆಲಸವನ್ನು ಹೇಗೆ ಅಳೆಯಬೇಕು ಅನ್ನೋದು ಕಚೇರಿಯವರ ತಲೆನೋವು ಅಂತ ಬಹಳ ಜನ ಅಂದುಕೊಂಡಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಯಾವುದನ್ನು ಎಣಿಸುತ್ತೇವೋ ಅದೇ ಕೆಲಸ ಆಗುತ್ತದೆ, ಎಣಿಸದ್ದು ಮರೆತುಹೋಗುತ್ತದೆ. ನಮ್ಮ ರಾಜ್ಯದಲ್ಲಿ ಈ ಎಣಿಕೆಗೆ ಒಂದು ಇತಿಹಾಸವೇ ಇದೆ. ಅದನ್ನು ನನಗೆ ತಿಳಿದಷ್ಟು ಇಲ್ಲಿ ಬರೆಯುತ್ತಿದ್ದೇನೆ.

ರಾಮಗಿರಿಯವರಿಗೆ ಪರಿಚಿತವಾದ ಕಡೆಯಿಂದಲೇ ಶುರುಮಾಡೋಣ. ನಮ್ಮ ಹೊಳಲ್ಕೆರೆ ತಾಲ್ಲೂಕಿನ ಮಲ್ಲಾಡಿಹಳ್ಳಿಯಲ್ಲಿ 1943ರಲ್ಲಿ ರಾಘವೇಂದ್ರ ಸ್ವಾಮೀಜಿ ಅನಾಥ ಸೇವಾಶ್ರಮ ಕಟ್ಟಿದರು. ಯೋಗ, ಆಯುರ್ವೇದ, ಅನ್ನ, ಅಕ್ಷರ ಎಲ್ಲವೂ ಅಲ್ಲಿತ್ತು. ಜೋಳಿಗೆ ಹಿಡಿದು ಬೇಡಿ ತಂದು ಆಶ್ರಮ ನಡೆಸಿದವರು, 'ತಿರುಕ' ಅಂತಲೇ ಹೆಸರಿಟ್ಟುಕೊಂಡು ಪುಸ್ತಕ ಬರೆದವರು. 1996ರಲ್ಲಿ ತೀರಿಕೊಂಡರು. ಅಂಥ ಕೆಲಸಕ್ಕೆ ಪುರಾವೆ ಹುಡುಕಿಕೊಂಡು ದೂರ ಹೋಗಬೇಕಿಲ್ಲ. ಎಷ್ಟು ಎಲೆ ಹಾಕಿದರು, ಎಷ್ಟು ಮಕ್ಕಳು ಓದಿ ಹೊರಬಂದರು ಅನ್ನುವುದು ಕಣ್ಣಿಗೆ ಕಾಣುತ್ತದೆ.

ದನಿ ಎತ್ತುವ ಕೆಲಸ ಹಾಗಲ್ಲ. ಅಲ್ಲಿ ಮಗುವಿಗೆ ನೀವು ಕೊಡುವುದು ಅನ್ನವಲ್ಲ, ಬಟ್ಟೆಯಲ್ಲ. ಪೊಲೀಸರ ಹತ್ತಿರ, ಪಂಚಾಯಿತಿ ಹತ್ತಿರ, ಕೋರ್ಟಿನ ಹತ್ತಿರ, ಎಷ್ಟೋ ಸಲ ಅಪ್ಪ ಅಮ್ಮನ ಹತ್ತಿರವೇ ಮಗುವಿನ ಪರವಾಗಿ ಮಾತಾಡುವುದು. ಒಳ್ಳೆಯ ಕೆಲಸವಾಗಿದ್ದರೆ ಏನೋ ಒಂದು ಕೆಟ್ಟದ್ದು ಆಗುವುದಿಲ್ಲ, ಅಷ್ಟೆ. ಆಗದೇ ಹೋದದ್ದನ್ನು ಎಣಿಸುವುದು ಹೇಗೆ? ಕಷ್ಟ ಇರುವುದೇ ಇಲ್ಲಿ.

ಕರ್ನಾಟಕದಲ್ಲಿ ಇದಕ್ಕೆ ಒಂದು ಒಳ್ಳೆಯ ಉತ್ತರ ಕೊಟ್ಟವರು ದುಡಿಯುವ ಮಕ್ಕಳೇ. ಬೆಂಗಳೂರಿನಲ್ಲಿ ನಂದನಾ ರೆಡ್ಡಿ ಮತ್ತು ಗೆಳೆಯರು ಕಟ್ಟಿದ 'ದಿ ಕನ್ಸರ್ನ್ಡ್ ಫಾರ್ ವರ್ಕಿಂಗ್ ಚಿಲ್ಡ್ರನ್' ಸಂಸ್ಥೆ ಎಂಬತ್ತರ ದಶಕದಲ್ಲಿ ಹೋಟೆಲ್, ಬೀದಿಗಳಲ್ಲಿ ದುಡಿಯುವ ಹುಡುಗರ ನಡುವೆ ಕೆಲಸ ಶುರುಮಾಡಿತು. 1990ರಲ್ಲಿ ಆ ಮಕ್ಕಳದ್ದೇ ಸಂಘಟನೆ 'ಭೀಮ ಸಂಘ' ಹುಟ್ಟಿತು. ಸಂಸ್ಥೆಯ ಬೇರು ಕುಂದಾಪುರದ ಹಳ್ಳಿಗಳಿಗೂ ಇಳಿಯಿತು. ಬೆಂಗಳೂರಿನ, ಮುಂಬೈನ ಹೋಟೆಲುಗಳಿಗೆ ಆ ಸೀಮೆಯಿಂದಲೇ ಹುಡುಗರು ಹೋಗುತ್ತಿದ್ದರಲ್ಲ, ಹಾಗಾಗಿ ಅವರು ಬರುವ ಊರಿಗೇ ಹೋಗಿ ನೋಡಬೇಕಿತ್ತು. 1995ರ ಹೊತ್ತಿಗೆ ಅಲ್ಲಿ ಮಕ್ಕಳ ಪಂಚಾಯಿತಿಗಳು ಶುರುವಾದವು.

ಅಲ್ಲಿ ನಡೆದದ್ದು ನನಗೆ ಬಹಳ ಮುಖ್ಯ ಅನ್ನಿಸುತ್ತದೆ. "ನಮಗೆ ತೊಂದರೆ ಇದೆ" ಅಂತ ಮಕ್ಕಳು ಬರೀ ಬಾಯಲ್ಲಿ ಹೇಳಿ ಸುಮ್ಮನಾಗಲಿಲ್ಲ. ಮನೆಮನೆಗೆ ಹೋಗಿ ಮಾಹಿತಿ ತಂದರು, ಊರಿನ ನಕ್ಷೆ ಬರೆದರು. ಯಾವ ಹಳ್ಳಕ್ಕೆ ಕಾಲುಸಂಕ ಇಲ್ಲ, ಮಳೆಗಾಲದಲ್ಲಿ ಯಾರು ಶಾಲೆಗೆ ಹೋಗಲಾರರು, ಶಾಲೆ ಎಷ್ಟು ದೂರ ಅನ್ನುವ ಲೆಕ್ಕ ಹಿಡಿದುಕೊಂಡು ಪಂಚಾಯಿತಿಯ ಹಿರಿಯರ ಮುಂದೆ ಕೂತರು. 2004ರ ಹೊತ್ತಿಗೆ ಆಗಿನ ಕುಂದಾಪುರ ತಾಲ್ಲೂಕಿನ 56 ಪಂಚಾಯಿತಿಗಳಲ್ಲಿ ಮಕ್ಕಳೇ ಕೂತು ತಮ್ಮ ಊರಿಗೆ ಪಂಚವಾರ್ಷಿಕ ಯೋಜನೆ ಬರೆಯುವಷ್ಟರ ಮಟ್ಟಿಗೆ ಇದು ಬೆಳೆಯಿತು.

ಈ ಲೆಕ್ಕದ ಗುಣ ನೋಡಿ. ಎಣಿಸಿದವರು ಅದೇ ಊರಿನವರು. ಲೆಕ್ಕ ಬೇಕಾಗಿದ್ದು ಒಂದು ನಿರ್ದಿಷ್ಟ ಕೆಲಸಕ್ಕೆ. ಸಂಕ ಆಯಿತೋ ಇಲ್ಲವೋ ಅಂತ ಮುಂದಿನ ಮಳೆಗಾಲದಲ್ಲಿ ಅದೇ ಮಕ್ಕಳಿಗೆ ಗೊತ್ತಾಗುತ್ತದೆ. ವರದಿ ಮೇಲಕ್ಕೆ ಹೋಗಿ ಕಾಣೆಯಾಗುವ ಪ್ರಶ್ನೆಯೇ ಇಲ್ಲ!

ಅದೇ ಕಾಲಕ್ಕೆ ಇನ್ನೊಂದು ಬಗೆಯ ಎಣಿಕೆಯೂ ಬಂತು. 1996ರಲ್ಲಿ ಮುಂಬೈನ ಟಾಟಾ ಸಮಾಜ ವಿಜ್ಞಾನ ಸಂಸ್ಥೆಯಲ್ಲಿ ಜೆರೂ ಬಿಲಿಮೋರಿಯಾ ಅವರು ಶುರುಮಾಡಿದ ಮಕ್ಕಳ ಸಹಾಯವಾಣಿ, ಅಂದರೆ ನಮಗೆಲ್ಲ ಗೊತ್ತಿರುವ 1098, ದೇಶದ ತುಂಬ ಹಬ್ಬಿತು. ಸಹಾಯವಾಣಿಗೆ ಸುಲಭವಾದ ಅಳತೆ ಯಾವುದು? ಬಂದ ಕರೆಗಳ ಸಂಖ್ಯೆ. ಆದರೆ ಬರುವ ಕರೆಗಳಲ್ಲಿ ದೊಡ್ಡ ಪಾಲು ಯಾರೂ ಮಾತಾಡದ ಮೌನ ಕರೆಗಳು. ಯಾವುದೇ ಲೆಕ್ಕಿಗ ಅವನ್ನು 'ವ್ಯರ್ಥ' ಅಂತ ಹೊಡೆದುಹಾಕುತ್ತಿದ್ದ. ಸಹಾಯವಾಣಿಯವರು ಹಾಗೆ ಮಾಡಲಿಲ್ಲ. ಆ ಕಡೆ ಒಂದು ಮಗು ಫೋನು ಹಿಡಿದು, ಮಾತಾಡಲೋ ಬೇಡವೋ ಅಂತ ನಮ್ಮನ್ನು ಪರೀಕ್ಷೆ ಮಾಡುತ್ತಿರಬಹುದು ಅಂದುಕೊಂಡು ಅವನ್ನೂ ದಾಖಲಿಸಿದರು. ಅಂಕಿಯ ಹಿಂದೆ ಒಂದು ಮಗು ಕೂತಿದೆ ಅನ್ನುವ ಎಚ್ಚರ ಅಂದ್ರೆ ಇದು. 2023ರಿಂದ ಈ ಸಹಾಯವಾಣಿಯನ್ನು ಸ್ವಯಂಸೇವಾ ಸಂಸ್ಥೆಗಳ ಕೈಯಿಂದ ಸರ್ಕಾರ ತಾನೇ ವಹಿಸಿಕೊಂಡು 112ರ ಜೊತೆ ಜೋಡಿಸಿತು. ಕರೆ ಎತ್ತುವವರು ಬದಲಾದರೂ ಈ ಎಚ್ಚರ ಉಳಿಯಬೇಕು.

2006ರಲ್ಲಿ ಕರ್ನಾಟಕ ಸರ್ಕಾರ ಗ್ರಾಮ ಪಂಚಾಯಿತಿಗಳು ವರ್ಷಕ್ಕೊಮ್ಮೆ ಮಕ್ಕಳ ಗ್ರಾಮಸಭೆ ನಡೆಸಬೇಕು ಅಂತ ಹೇಳಿತು. ಕುಂದಾಪುರದ ಮಕ್ಕಳು ತೋರಿಸಿದ ದಾರಿ ರಾಜ್ಯಕ್ಕೆಲ್ಲ ಬಂತು. ದೊಡ್ಡ ವಿಷಯವೇ. ಆದರೆ ದಾರಿ ಬಂದಷ್ಟು ಸಲೀಸಾಗಿ ಲೆಕ್ಕದ ಗುಣ ಬರಲಿಲ್ಲ. ಸಭೆ ನಡೆಯಿತೇ, ಎಷ್ಟು ಮಕ್ಕಳು ಬಂದಿದ್ದರು, ಫೋಟೋ ಇದೆಯೇ... ಈ ಮೂರಕ್ಕೆ ಉತ್ತರ ಸಿಕ್ಕರೆ ಕಡತ ಮುಚ್ಚುತ್ತದೆ. ಹೋದ ವರ್ಷ ಒಂದು ಹುಡುಗಿ ಎದ್ದು ನಿಂತು "ಶಾಲೆಯ ಶೌಚಾಲಯಕ್ಕೆ ನೀರಿಲ್ಲ" ಅಂದಿದ್ದಳಲ್ಲ, ಈ ವರ್ಷ ನೀರು ಬಂತಾ ಅಂತ ಮೊದಲು ಕೇಳಬೇಕಾದ ಸಭೆ ಅದು. ಹೋದ ವರ್ಷದ ನಡಾವಳಿ ಓದದೆ ಈ ವರ್ಷದ ಭಾಷಣ ಶುರುವಾದರೆ ಮಕ್ಕಳಿಗೆ ಬೇಗ ಅರ್ಥವಾಗಿಬಿಡುತ್ತದೆ, ಇಲ್ಲಿ ಮಾತಾಡಿ ಉಪಯೋಗವಿಲ್ಲ ಅಂತ.

ವ್ಯಾಖ್ಯಾನ ಬದಲಾದರೆ ಅಂಕಿ ಹೇಗೆ ಬದಲಾಗುತ್ತದೆ ಅನ್ನುವುದಕ್ಕೂ ನಮ್ಮಲ್ಲೇ ಉದಾಹರಣೆ ಇದೆ. 2013ರಲ್ಲಿ ಶಾಲೆಯಿಂದ ಹೊರಗುಳಿದ ಮಕ್ಕಳ ಬಗ್ಗೆ ಪತ್ರಿಕೆಯಲ್ಲಿ ಬಂದ ವರದಿ ನೋಡಿ ಕರ್ನಾಟಕ ಹೈಕೋರ್ಟು ತಾನೇ ಪ್ರಕರಣ ಕೈಗೆತ್ತಿಕೊಂಡಿತು. ಅದುವರೆಗೆ 60 ದಿನ ಸತತವಾಗಿ ಬಾರದಿದ್ದರೆ ಮಾತ್ರ ಮಗು 'ಶಾಲೆಯಿಂದ ಹೊರಗೆ' ಅನ್ನುವ ಲೆಕ್ಕ. ಅದನ್ನು 7 ದಿನಕ್ಕೆ ಇಳಿಸುವ ಮಾತು ಬಂದದ್ದು ಈ ಪ್ರಕರಣದಿಂದ. ಹತ್ತಿ ಬಿಡಿಸುವುದಕ್ಕೋ ದನ ಕಾಯುವುದಕ್ಕೋ ಒಂದು ತಿಂಗಳು ಹೋಗಿ, ನಾಲ್ಕು ದಿನ ಬಂದು, ಮತ್ತೆ ಹೋಗುವ ಮಗು 60 ದಿನದ ಜರಡಿಯಲ್ಲಿ ಯಾವತ್ತೂ ಸಿಗುವುದಿಲ್ಲ. ಕಾಗದದ ಮೇಲೆ ಆ ಮಗು ಸುಖವಾಗಿ ಓದುತ್ತಿರುತ್ತದೆ!

ಈಗ ಮದುವೆಯ ವಿಷಯಕ್ಕೆ ವಾಪಸ್ ಬರುತ್ತೇನೆ.

2006ರ ಬಾಲ್ಯವಿವಾಹ ನಿಷೇಧ ಕಾಯ್ದೆ 2007ರ ನವೆಂಬರ್‌ನಲ್ಲಿ ಜಾರಿಗೆ ಬಂತು. ಹೈಕೋರ್ಟಿನ ಸೂಚನೆಯಂತೆ ನ್ಯಾಯಮೂರ್ತಿ ಶಿವರಾಜ ಪಾಟೀಲರ ನೇತೃತ್ವದ ಸಮಿತಿ ರಚನೆಯಾಗಿ 2011ರಲ್ಲಿ ವರದಿ ಕೊಟ್ಟಿತು. ಮುಂದೆ ಕರ್ನಾಟಕ ತನ್ನದೇ ತಿದ್ದುಪಡಿ ತಂದಿತು. 2017ರಿಂದ ನಮ್ಮ ರಾಜ್ಯದಲ್ಲಿ ಬಾಲ್ಯವಿವಾಹ ಮೊದಲಿನಿಂದಲೇ ಅಸಿಂಧು. ತಹಶೀಲ್ದಾರರಿಂದ ಪಿಡಿಒವರೆಗೆ ಹಲವರಿಗೆ ತಡೆಯುವ ಅಧಿಕಾರವಿದೆ. ಅಂಗನವಾಡಿ ಕಾರ್ಯಕರ್ತೆಯರು, ಸ್ವಯಂಸೇವಕರು, ಎಷ್ಟೋ ಕಡೆ ಶಾಲೆಯ ಗೆಳತಿಯರೇ ಸುದ್ದಿ ಮುಟ್ಟಿಸುತ್ತಾರೆ.

ಫಲ ಏನಾಯಿತು? ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ನೋಡಿದರೆ, 20ರಿಂದ 24 ವಯಸ್ಸಿನ ಹೆಣ್ಣುಮಕ್ಕಳಲ್ಲಿ 18 ತುಂಬುವ ಮೊದಲೇ ಮದುವೆಯಾದವರು ಕರ್ನಾಟಕದಲ್ಲಿ 2005-06ರಲ್ಲಿ ನೂರಕ್ಕೆ ನಲವತ್ತಕ್ಕೂ ಹೆಚ್ಚು. 2015-16ರಲ್ಲಿ 21.4. ಹತ್ತು ವರ್ಷದಲ್ಲಿ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯಿತು. ಆಮೇಲೆ 2019-21ರಲ್ಲಿ? 21.3. ಅಲ್ಲೇ ನಿಂತುಬಿಟ್ಟಿತು.

"ನೋಡಿ, ತಡೆದದ್ದೆಲ್ಲ ದಂಡ" ಅಂತ ಇಲ್ಲಿ ಆತುರಪಡಬಾರದು. 2019-21ರಲ್ಲಿ 20ರಿಂದ 24 ವರ್ಷವಾಗಿದ್ದವರು 18 ದಾಟಿದ್ದು ಸುಮಾರು 2013ರಿಂದ 2019ರ ನಡುವೆ. ಅಂದರೆ ಸಮೀಕ್ಷೆ ತೋರಿಸುವುದು ಇವತ್ತಿನ ಹುಡುಗಿಯರನ್ನಲ್ಲ, ಅವರ ಅಕ್ಕಂದಿರನ್ನು. 2017ರ ತಿದ್ದುಪಡಿ ಗೆದ್ದಿತು ಅಂತಲೂ ಸೋತಿತು ಅಂತಲೂ ಈ ಒಂದು ಅಂಕಿಯಿಂದ ಹೇಳಲಾಗದು. ಆದರೆ 'ತಡೆದ ಮದುವೆ'ಗಳ ಪಟ್ಟಿ ಉದ್ದವಾದ ಮಾತ್ರಕ್ಕೆ ಬಾಲ್ಯವಿವಾಹ ಕಡಿಮೆಯಾಗುತ್ತಿದೆ ಅಂತ ಬೀಗಲೂ ಆಗುವುದಿಲ್ಲ.

ಇನ್ನೊಂದು ಸೂಕ್ಷ್ಮ ಇದೆ. ಮುಹೂರ್ತದ ಹಿಂದಿನ ದಿನ ಜೀಪು ಬಂದು, ಚಪ್ಪರದ ಕೆಳಗೆ ಮುಚ್ಚಳಿಕೆ ಬರೆಸಿಕೊಂಡರೆ ಅದು ಒಂದು ಅಂಕಿ. ಆರು ತಿಂಗಳ ಮುಂಚೆಯೇ ಅಂಗನವಾಡಿ ಅಕ್ಕ ಆ ತಾಯಿಯ ಜೊತೆ ಕೂತು ಮಾತಾಡಿ, ಮೇಷ್ಟ್ರು ಹಾಸ್ಟೆಲ್ ಸೀಟು ಕೊಡಿಸಿ, ಹೆಣ್ಣು ನೋಡುವ ಶಾಸ್ತ್ರವೇ ಆಗದಂತೆ ನೋಡಿಕೊಂಡರೆ ಅದು ಸೊನ್ನೆ! ಯಾವುದು ದೊಡ್ಡ ಕೆಲಸ, ನೀವೇ ಹೇಳಿ. ತಡವಾಗಿ ತಡೆದದ್ದಕ್ಕೆ ಲೆಕ್ಕ ಇದೆ, ಮೊದಲೇ ತಪ್ಪಿಸಿದ್ದಕ್ಕೆ ಲೆಕ್ಕ ಇಲ್ಲ.

ಹೊರದೇಶದವರು ಈ ಗಂಟು ಬಿಡಿಸಿದ್ದಾರಾ? ಅಮೆರಿಕದ ಸಿಯಾಟಲ್‌ನಲ್ಲಿ ಡೇವಿಡ್ ಸೂಕಪ್ ಅನ್ನುವ ನ್ಯಾಯಾಧೀಶರು 1977ರಲ್ಲಿ ಒಂದು ವ್ಯವಸ್ಥೆ ಮಾಡಿದರು. ಮನೆಯಲ್ಲಿ ಹಿಂಸೆಗೆ, ಅಲಕ್ಷ್ಯಕ್ಕೆ ಸಿಕ್ಕ ಮಗುವಿನ ಪರವಾಗಿ ಕೋರ್ಟಿನಲ್ಲಿ ಮಾತಾಡಲು ತರಬೇತಿ ಪಡೆದ ಸಾಮಾನ್ಯ ನಾಗರಿಕರನ್ನೇ ನೇಮಿಸುವುದು. 'ಕಾಸಾ' ಅಂತ ಅದಕ್ಕೆ ಹೆಸರು, ಅಮೆರಿಕದ ತುಂಬ ಬೆಳೆಯಿತು. 2004ರಲ್ಲಿ ಅದರ ದೊಡ್ಡ ಮೌಲ್ಯಮಾಪನ ನಡೆದಾಗ ಬಂದ ಫಲಿತಾಂಶ ಎಲ್ಲರನ್ನೂ ಗೊಂದಲಕ್ಕೆ ಕೆಡವಿತು. ಸ್ವಯಂಸೇವಕರಿದ್ದ ಮಕ್ಕಳಿಗೆ ಸೇವೆಗಳೇನೋ ಹೆಚ್ಚು ಸಿಕ್ಕಿದ್ದವು, ಆದರೆ ಅವರೇ ಮನೆಯಿಂದ ಹೊರಗೆ ಉಳಿಯುವ ಸಂಭವವೂ ಹೆಚ್ಚಿತ್ತು. ಹಾಗಾದರೆ ಸ್ವಯಂಸೇವಕರಿಂದ ಕೆಡುಕಾಯಿತೇ? ಅಷ್ಟು ಸರಳವಲ್ಲ. ನ್ಯಾಯಾಧೀಶರು ಅತಿ ಕಷ್ಟದ ಪ್ರಕರಣಗಳಿಗೇ ಸ್ವಯಂಸೇವಕರನ್ನು ಕೊಡುತ್ತಿದ್ದರು. ದೊಡ್ಡಾಸ್ಪತ್ರೆಯಲ್ಲಿ ಹೆಚ್ಚು ಜನ ಸಾಯುತ್ತಾರೆ ಅಂತ ಡಾಕ್ಟರನ್ನು ದೂರಿದ ಹಾಗಾದೀತು. ಅದೇ ಅಧ್ಯಯನದಲ್ಲಿ ಇನ್ನೊಂದು ಸತ್ಯವೂ ಹೊರಬಂತು. ಸ್ವಯಂಸೇವಕರು ಕಪ್ಪು ಮಕ್ಕಳ ಪ್ರಕರಣಗಳಿಗೆ ಬಿಳಿ ಮಕ್ಕಳಿಗಿಂತ ಕಡಿಮೆ ಸಮಯ ಕೊಡುತ್ತಿದ್ದರು. ಒಟ್ಟು ಗಂಟೆ ಮಾತ್ರ ಎಣಿಸಿದ್ದರೆ ಇದು ಕಾಣುತ್ತಲೇ ಇರಲಿಲ್ಲ. ಮುಖ್ಯರಸ್ತೆಯ ಊರಿಗೆ ಎಷ್ಟು ಸಲ ಹೋದೆವು, ಬಸ್ಸಿಲ್ಲದ ಹಟ್ಟಿಗೆ ಎಷ್ಟು ಸಲ ಹೋದೆವು ಅಂತ ನಾವೂ ಬೇರೆ ಬೇರೆ ಬರೆದಿಟ್ಟರೆ ಏನು ಕಂಡೀತು, ಯೋಚಿಸಿ.

ನಮ್ಮಲ್ಲಿ ಕಾಸಾಗೆ ಹತ್ತಿರದ್ದೆಂದರೆ 2012ರ ಪೋಕ್ಸೊ ಕಾಯ್ದೆಯಡಿಯ 'ಬೆಂಬಲ ವ್ಯಕ್ತಿ'. ಮಕ್ಕಳ ಕಲ್ಯಾಣ ಸಮಿತಿ ನೇಮಿಸುವ ಇವರು ದೂರಿನಿಂದ ತೀರ್ಪಿನವರೆಗೆ ಮಗುವಿನ ಜೊತೆ ನಿಲ್ಲಬೇಕು. 2023ರಲ್ಲಿ ಸುಪ್ರೀಂ ಕೋರ್ಟು ಇದನ್ನು ಒತ್ತಿ ಹೇಳಿತು. ನ್ಯಾಯಾಲಯ ಪ್ರಕರಣ ಕೈಗೆತ್ತಿಕೊಂಡ 30 ದಿನದಲ್ಲಿ ಮಗುವಿನ ಸಾಕ್ಷ್ಯ ದಾಖಲಾಗಬೇಕು, ಸಾಧ್ಯವಾದಮಟ್ಟಿಗೆ ಒಂದು ವರ್ಷದಲ್ಲಿ ವಿಚಾರಣೆ ಮುಗಿಯಬೇಕು ಅನ್ನುತ್ತದೆ ಕಾಯ್ದೆ. ನೇಮಕವಾದ ಬೆಂಬಲ ವ್ಯಕ್ತಿಗಳೆಷ್ಟು ಅನ್ನುವುದಕ್ಕಿಂತ, ಮಗು ಎಷ್ಟು ಸಲ ಕೋರ್ಟಿಗೆ ಬಂದು ಸುಮ್ಮನೆ ವಾಪಸ್ ಹೋಯಿತು ಅನ್ನುವುದು ದೊಡ್ಡ ಲೆಕ್ಕ.

ಇಷ್ಟೆಲ್ಲ ಓದಿಕೊಂಡ ಮೇಲೆ ನನಗನ್ನಿಸಿದ್ದು ಇಷ್ಟು. ಹೊಸ ನಮೂನೆಯ ಫಾರಂ ಬೇಡ. ಇರುವ ಪುಸ್ತಕಗಳನ್ನು ಒಂದರ ಪಕ್ಕ ಒಂದು ಇಟ್ಟರೆ ಸಾಕು. ಪ್ರತಿ ವಿದ್ಯಾರ್ಥಿಗೂ ಶಾಲೆಯಲ್ಲಿ ಸ್ಯಾಟ್ಸ್ ಸಂಖ್ಯೆ ಇದೆ. ಗರ್ಭಿಣಿಯಾದವರಿಗೆ ತಾಯಿ ಕಾರ್ಡ್ ಇದೆ. ಮದುವೆ ತಡೆದದ್ದಕ್ಕೆ ಮಕ್ಕಳ ಕಲ್ಯಾಣ ಸಮಿತಿಯಲ್ಲಿ ಕಡತ ಇದೆ. ತಡೆದ ಆರು ತಿಂಗಳಿಗೆ ಒಮ್ಮೆ, ವರ್ಷಕ್ಕೆ ಒಮ್ಮೆ, 18 ತುಂಬಿದ ದಿನ ಒಮ್ಮೆ, ಆ ಹುಡುಗಿ ಈ ಮೂರರಲ್ಲಿ ಯಾವ ಪುಸ್ತಕದಲ್ಲಿದ್ದಾಳೆ ಅಂತ ಸಂಬಂಧಪಟ್ಟವರು ನೋಡಬೇಕು. ಹಾಜರಿ ಪುಸ್ತಕದಲ್ಲಿದ್ದರೆ ತಡೆದದ್ದು ನಿಜ. ಹದಿನಾರಕ್ಕೇ ತಾಯಿ ಕಾರ್ಡಿನಲ್ಲಿ ಹೆಸರು ಬಂದರೆ ನಾವು ತಡೆದದ್ದು ಮದುವೆಯನ್ನಲ್ಲ, ಮುಹೂರ್ತವನ್ನು ಮಾತ್ರ.

ಹೆಸರು ಗುಟ್ಟಾಗಿರಲಿ, ಅಂಕಿ ಹೊರಗೆ ಬರಲಿ. ಅಂಕಿ ಕೆಟ್ಟದಾಗಿದ್ದರೆ ಆ ಸ್ವಯಂಸೇವಕರಿಗೆ ನೋಟಿಸು ಕೊಡಬೇಡಿ. ಕೊಟ್ಟರೆ ಮುಂದಿನ ವರ್ಷ ಕೆಟ್ಟ ಅಂಕಿಯೇ ಬರುವುದಿಲ್ಲ, ಹುಡುಗಿಯರ ಪಾಡು ಮಾತ್ರ ಹಾಗೇ ಇರುತ್ತದೆ. ಮತ್ತೆ, ಸಾಧ್ಯವಾದರೆ ಆ ಹುಡುಗಿಯನ್ನೇ ಒಂದು ಮಾತು ಕೇಳಿ: "ಅವತ್ತು ನಾವು ಬಂದದ್ದು ಒಳ್ಳೆಯದಾಯ್ತಾ, ತಾಯಿ? ಆಮೇಲೆ ಯಾರಾದ್ರೂ ಬಂದು ಮಾತಾಡಿಸಿದ್ರಾ?" ಕುಂದಾಪುರದ ಮಕ್ಕಳು ತಮ್ಮ ಕಷ್ಟವನ್ನು ತಾವೇ ಅಳೆದು ತೋರಿಸಿದ್ದು ಮೂವತ್ತು ವರ್ಷಗಳ ಹಿಂದೆ. ನಮ್ಮ ಹಟ್ಟಿಗಳ ಹುಡುಗಿಯರಿಗೂ ಅಷ್ಟು ಬುದ್ಧಿ ಖಂಡಿತ ಇದೆ. ಕೇಳುವವರು ಬೇಕು, ಅಷ್ಟೆ.

ನಿಮ್ಮ ತಾಲ್ಲೂಕಿನಲ್ಲಿ ಈ 'ಆಮೇಲೇನಾಯ್ತು' ಅನ್ನುವ ಲೆಕ್ಕ ಇಟ್ಟವರು ಯಾರಾದರೂ ಇದ್ದರೆ ಅವರ ಬಗ್ಗೆ ಬರೆಯಿರಿ. ಓದಲು ನಾನು ಕಾದಿದ್ದೇನೆ.