ಗೋಡೆಯ ಸ್ವಿಚ್ಚಿಗೆ ನಿಸ್ತಂತು ಬುದ್ಧಿ: ಅಳವಡಿಕೆಯ ಕ್ರಮ ಮತ್ತು ಎಚ್ಚರಿಕೆಗಳು

ಮೊಬೈಲ್ ದೂರವಾಣಿಯಿಂದಲೋ, ಹಾಸಿಗೆಯ ಬಳಿ ಅಂಟಿಸಿದ ಗುಂಡಿಯಿಂದಲೋ ದೀಪವನ್ನು ಹೊತ್ತಿಸಿ ಆರಿಸುವ ನಿಸ್ತಂತು ಸ್ವಿಚ್ಚುಗಳು ಇಂದು ನಮ್ಮ ಮಹಾನಗರಗಳ ವಿದ್ಯುತ್ ಸಾಮಗ್ರಿಗಳ ಪೇಟೆಗಳಲ್ಲಿ ಸಾಮಾನ್ಯ ಸ್ವಿಚ್ಚುಗಳ ಪಕ್ಕದಲ್ಲೇ ದೊರೆಯುತ್ತಿವೆ. ಇದನ್ನು ತರುಣರ ಶೋಕಿಯೆಂದು ಬದಿಗೆ ಸರಿಸುವವರು ನಮ್ಮಲ್ಲಿ ಅನೇಕರಿದ್ದಾರೆ. ನಮ್ಮ ಅಭಿಪ್ರಾಯ ಬೇರೆ. ಮಕ್ಕಳು ದೂರದೇಶಕ್ಕೋ ಬೇರೆ ಊರಿಗೋ ಹೋಗಿ, ಎರಡು ಕೋಣೆಯ ಫ್ಲ್ಯಾಟಿನಲ್ಲಿ ಹಿರಿಯರಿಬ್ಬರೇ ಉಳಿದಿರುವ ಕುಟುಂಬಗಳು ನಮ್ಮ ಸಮಾಜದಲ್ಲಿ ವರ್ಷದಿಂದ ವರ್ಷಕ್ಕೆ ಹೆಚ್ಚುತ್ತಿವೆ. ನಡುರಾತ್ರಿ ಎದ್ದು, ಗೋಡೆ ತಡವುತ್ತ ಬಚ್ಚಲಮನೆಯ ಸ್ವಿಚ್ಚನ್ನು ಹುಡುಕುವ ಆ ಎಂಟು ಹತ್ತು ಹೆಜ್ಜೆಗಳೇ ಇಳಿವಯಸ್ಸಿನಲ್ಲಿ ಅತ್ಯಂತ ಅಪಾಯಕರವಾದ ನಡಿಗೆ. ಈ ಉಪಕರಣದ ಸಾರ್ಥಕತೆ ಇರುವುದು ಅಲ್ಲಿಯೇ ಹೊರತು, ಅತಿಥಿಗಳ ಮುಂದೆ ದೀಪದ ಬಣ್ಣ ಬದಲಿಸಿ ತೋರಿಸುವುದರಲ್ಲಿ ಅಲ್ಲ.

ಗೋಡೆಯ ಸ್ವಿಚ್ಚಿಗೂ ಒಂದು ಚರಿತ್ರೆಯಿದೆ. ಕಿಡಿ ಹಾರದಂತೆ ಸಂಪರ್ಕವನ್ನು ಥಟ್ಟನೆ ಕಡಿಯುವ ಸ್ವಿಚ್ಚನ್ನು ಇಂಗ್ಲೆಂಡಿನ ನ್ಯೂಕ್ಯಾಸಲ್ ನಗರದ ಜಾನ್ ಹೆನ್ರಿ ಹೋಮ್ಸ್ 1884ರಲ್ಲಿ ರೂಪಿಸಿದರು. ಶಿವನಸಮುದ್ರದ ವಿದ್ಯುತ್ತು 1902ರಲ್ಲಿ ಕೋಲಾರದ ಚಿನ್ನದ ಗಣಿಗಳನ್ನೂ 1905ರಲ್ಲಿ ಬೆಂಗಳೂರಿನ ಬೀದಿಗಳನ್ನೂ ತಲುಪಿತು. ಅಂದಿನಿಂದ ಇಂದಿನವರೆಗೆ ಸ್ವಿಚ್ಚಿನ ಕೆಲಸ ಬದಲಾಗಿಲ್ಲ. ಫೇಸ್ ತಂತಿಯನ್ನು ಕೂಡಿಸುವುದು, ಬಿಡಿಸುವುದು, ಅಷ್ಟೆ. ನಿಸ್ತಂತು ಸ್ವಿಚ್ಚಿನಲ್ಲಿ ಈ ಕೆಲಸವನ್ನು ಬೆರಳಿನ ಬದಲು ರಿಲೇ ಎಂಬ ಪುಟ್ಟ ವಿದ್ಯುತ್ಕಾಂತೀಯ ಸಾಧನ ಮಾಡುತ್ತದೆ. ಕೇಳಿಬರುವ "ಟಿಕ್" ಎಂಬ ಸದ್ದು ಅದರದ್ದೇ. ರಿಲೇಗೆ ಆಜ್ಞೆ ತಲುಪಿಸುವ ರೇಡಿಯೋ ಭಾಗವು ದೀಪ ಆರಿರುವಾಗಲೂ ಎಚ್ಚರವಾಗಿಯೇ ಇರಬೇಕು. ಅಳವಡಿಕೆಯ ತೊಡಕುಗಳೆಲ್ಲ ಹುಟ್ಟುವುದು ಈ ಒಂದು ಅವಶ್ಯಕತೆಯಿಂದ.

ಯಾವುದನ್ನು ಆರಿಸಬೇಕು

ಬುದ್ಧಿವಂತ ಬಲ್ಬನ್ನೇ ಹಾಕುವುದು ಅತಿ ಸುಲಭವಾದ ದಾರಿ. ಆದರೆ ಮನೆಗೆಲಸದವರು ಗೋಡೆಯ ಸ್ವಿಚ್ಚನ್ನು ಆರಿಸಿದೊಡನೆ ಆ ಬಲ್ಬು ಮೂಕವಾಗುತ್ತದೆ. ದೂರವಾಣಿಯಲ್ಲಿ ಎಷ್ಟು ಒತ್ತಿದರೂ ಹೊತ್ತಿಕೊಳ್ಳದು. ಹಳೆಯ ಫಲಕವನ್ನು ತೆಗೆದು ಗಾಜಿನ ಸ್ಪರ್ಶಫಲಕವನ್ನು ಕೂರಿಸುವುದು ಇನ್ನೊಂದು ದಾರಿ. ನೋಟಕ್ಕೆ ಚೆಂದವೇ ಸರಿ, ಆದರೆ ಕತ್ತಲಲ್ಲಿ ಬೆರಳಿಗೆ ಯಾವ ಗುರುತೂ ಸಿಗದ ನುಣುಪು ಗಾಜು ಹಿರಿಯರಿಗೆ ಒಗ್ಗುವುದಿಲ್ಲ. ನಾವು ಶಿಫಾರಸು ಮಾಡುವುದು ಮೂರನೆಯದನ್ನು: ಈಗಿರುವ ಸ್ವಿಚ್ಚನ್ನು ಹಾಗೆಯೇ ಇಟ್ಟು, ಅದರ ಹಿಂದೆ ಬೆಂಕಿಪೊಟ್ಟಣದ ಗಾತ್ರದ ಮಾಡ್ಯೂಲ್ ಕೂರಿಸುವುದು. ಹೊರನೋಟ ಬದಲಾಗುವುದಿಲ್ಲ, ಐವತ್ತು ವರ್ಷಗಳ ಅಭ್ಯಾಸವೂ ಬದಲಾಗಬೇಕಿಲ್ಲ. ಅಂತರ್ಜಾಲ ಸಂಪರ್ಕ ಕಡಿದರೂ ಗೋಡೆಯ ಸ್ವಿಚ್ಚು ತನ್ನ ಕೆಲಸ ಮಾಡುತ್ತಲೇ ಇರುತ್ತದೆ.

ಇದರ ಜೊತೆಗೆ ಹಾಸಿಗೆಯ ಪಕ್ಕಕ್ಕೆ ಒಂದು ನಿಸ್ತಂತು ಗುಂಡಿ ಬೇಕು. ಇವುಗಳಲ್ಲಿ ನಾಣ್ಯದಾಕಾರದ ಬ್ಯಾಟರಿಯಿಂದ ನಡೆಯುವವು ಒಂದು ಬಗೆ. ಆ ಬ್ಯಾಟರಿಯನ್ನು ಮಕ್ಕಳು ನುಂಗಿದರೆ ಪ್ರಾಣಾಪಾಯವಾದ್ದರಿಂದ ಮೊಮ್ಮಕ್ಕಳು ಬರುವ ಮನೆಗಳಲ್ಲಿ ವಿಶೇಷ ಎಚ್ಚರ ಅವಶ್ಯ. ಮತ್ತೊಂದು ಬಗೆಯ ಗುಂಡಿಗೆ ಬ್ಯಾಟರಿಯೇ ಇಲ್ಲ. ಒತ್ತಿದ ಬೆರಳಿನ ಬಲದಿಂದ ಒಳಗಿನ ಪುಟ್ಟ ಅಯಸ್ಕಾಂತ ಚಲಿಸಿ, ಸುರುಳಿಯಲ್ಲಿ ಕ್ಷಣಮಾತ್ರ ವಿದ್ಯುತ್ತು ಹುಟ್ಟಿ, ಅಷ್ಟರಿಂದಲೇ ರೇಡಿಯೋ ಸಂದೇಶ ಹೊರಡುತ್ತದೆ. ಸೀಮೆನ್ಸ್‌ನಿಂದ ಕವಲೊಡೆದು 2001ರಲ್ಲಿ ಆರಂಭವಾದ ಜರ್ಮನಿಯ ಎನ್‌ಓಶನ್ ಸಂಸ್ಥೆ ಈ ಬಗೆಯ ತಂತ್ರಕ್ಕೆ ಹೆಸರಾದುದು. ಕೊಳ್ಳುವಾಗ ಗುಂಡಿ ಮತ್ತು ಮಾಡ್ಯೂಲ್ ಒಂದೇ ಪದ್ಧತಿಯವೇ ಎಂಬುದನ್ನು ವಿಚಾರಿಸಿಕೊಳ್ಳಬೇಕು. ವೈ-ಫೈ ಮಾಡ್ಯೂಲಿಗೆ ಜಿಗ್‌ಬೀ ಗುಂಡಿ ನೇರವಾಗಿ ಹೊಂದದು.

ಎರಡು ಮೂರು ದೀಪಗಳಿಗೆ ಮಾತ್ರವಾದರೆ ವೈ-ಫೈ ಸಾಕು. ಇಡೀ ಮನೆಗೆ ಮಾಡಿಸುವುದಾದರೆ ಒಂದು ಕೇಂದ್ರಪೆಟ್ಟಿಗೆಯನ್ನು ಬೇಡುವ ಜಿಗ್‌ಬೀ ಪದ್ಧತಿಯೇ ಮೇಲು, ಏಕೆಂದರೆ ಇಪ್ಪತ್ತು ಮೂವತ್ತು ಸ್ವಿಚ್ಚುಗಳ ಹೊರೆಯನ್ನು ಸಾಧಾರಣ ವೈ-ಫೈ ರೌಟರ್ ಸಲೀಸಾಗಿ ತಾಳಿಕೊಳ್ಳದು. 2022ರ ಅಕ್ಟೋಬರಿನಲ್ಲಿ ಬಿಡುಗಡೆಯಾದ ಮ್ಯಾಟರ್ ಎಂಬ ಸಮಾನ ಮಾನದಂಡದ ಗುರುತಿರುವ ಉಪಕರಣಗಳು ಬೇರೆ ಬೇರೆ ತಯಾರಕರ ವ್ಯವಸ್ಥೆಗಳೊಡನೆ ಹೊಂದಿಕೊಳ್ಳಬಲ್ಲವು.

ನ್ಯೂಟ್ರಲ್ ತಂತಿಯ ಪ್ರಶ್ನೆ

ಸಾಮಾನ್ಯ ಸ್ವಿಚ್ಚಿಗೆ ಫೇಸ್ ಬಂದು ಹೋಗುವ ಎರಡು ತಂತಿಗಳಷ್ಟೇ ಸಾಕು. ಸದಾ ಎಚ್ಚರವಿರಬೇಕಾದ ಮಾಡ್ಯೂಲಿಗಾದರೋ ನ್ಯೂಟ್ರಲ್ ಕೂಡ ಬೇಕು. ಈ ವಿಷಯದಲ್ಲಿ ನಮ್ಮ ದೇಶದ ಮನೆಗಳಿಗೆ ಒಂದು ಅನುಕೂಲವಿದೆ. ಅಮೆರಿಕ, ಬ್ರಿಟನ್ನುಗಳ ಹಳೆಯ ಮನೆಗಳಲ್ಲಿ ಸ್ವಿಚ್ಚಿನ ಪೆಟ್ಟಿಗೆಯಲ್ಲಿ ನ್ಯೂಟ್ರಲ್ ಇಲ್ಲದಿರುವುದೇ ಹೆಚ್ಚು. ನಮ್ಮಲ್ಲಿ ನಾಲ್ಕು ಸ್ವಿಚ್ಚುಗಳ ಜೊತೆ ಒಂದು ಸಾಕೆಟ್ಟೂ ಅದೇ ಫಲಕದಲ್ಲಿರುವ ರೂಢಿಯಿಂದಾಗಿ ಸಾಕೆಟ್ಟಿಗೆ ಬಂದ ನ್ಯೂಟ್ರಲ್ ಅಲ್ಲಿಯೇ ದೊರೆಯುತ್ತದೆ. ಎದುರು ನಿಂತು ನೋಡಿದಾಗ, ಮೇಲಿನ ದೊಡ್ಡ ತೂತು ಅರ್ತ್, ಬಲಗಡೆಯದು ಫೇಸ್, ಎಡಗಡೆಯದು ನ್ಯೂಟ್ರಲ್. ಹಳೆಯ ಕಟ್ಟಡಗಳಲ್ಲಿ ಕೆಂಪು, ಹಳದಿ, ನೀಲಿ ಫೇಸ್‌ಗೂ ಕಪ್ಪು ನ್ಯೂಟ್ರಲ್‌ಗೂ ಹಸಿರು ಅರ್ತ್‌ಗೂ ಮೀಸಲು. ಆದರೆ ಕೈಗೆ ಸಿಕ್ಕಿದ ಬಣ್ಣದ ತಂತಿಯನ್ನು ಎಳೆದು ಹೋದ ಕುಶಲಕರ್ಮಿಗಳೂ ಇರುವುದರಿಂದ ಬಣ್ಣವನ್ನು ನಂಬುವಂತಿಲ್ಲ, ಪರೀಕ್ಷಿಸಿಯೇ ತಿಳಿಯಬೇಕು.

ನ್ಯೂಟ್ರಲ್ ಇಲ್ಲದಿದ್ದರೆ ಅರ್ತ್ ತಂತಿಯನ್ನೇ ಬಳಸಿ "ಕೆಲಸ ನಡೆಯುತ್ತದೆ" ಎನ್ನುವವರಿದ್ದಾರೆ. ಮಾಪಕ ಇಟ್ಟು ನೋಡಿದರೆ ಫೇಸ್ ಮತ್ತು ಅರ್ತ್ ನಡುವೆಯೂ ಸುಮಾರು 230 ವೋಲ್ಟ್ ಕಾಣುವುದು ನಿಜ, ದೀಪವೂ ಹೊತ್ತಬಹುದು. ಇದು ಸರ್ವಥಾ ಕೂಡದು. ಅರ್ತ್ ತಂತಿ ಎಲ್ಲಿಯಾದರೂ ತುಂಡಾದರೆ, ಅದಕ್ಕೆ ಸೇರಿದ ಫ್ರಿಜ್ಜು, ಬಟ್ಟೆ ಒಗೆಯುವ ಯಂತ್ರಗಳ ಲೋಹದ ಮೈಗೆ ವಿದ್ಯುತ್ತು ಹರಿಯುತ್ತದೆ.

ನ್ಯೂಟ್ರಲ್ ಬೇಡದ ಮಾಡ್ಯೂಲುಗಳೂ ಇವೆ. ಅವು ದೀಪದ ಮೂಲಕವೇ ಅತ್ಯಲ್ಪ ವಿದ್ಯುತ್ತನ್ನು ಹರಿಸಿ ಬದುಕುತ್ತವೆ. ಕಡಿಮೆ ವಾಟಿನ ಎಲ್‌ಇಡಿ ದೀಪಗಳು ಈ ಸೋರಿಕೆಗೇ ಮಿಣುಕತೊಡಗುತ್ತವೆ. ಆಗ ದೀಪಕ್ಕೆ ಸಮಾನಾಂತರವಾಗಿ, ತಯಾರಕರೇ ಕೊಡುವ ಪುಟ್ಟ ಕೆಪ್ಯಾಸಿಟರನ್ನು ಜೋಡಿಸಬೇಕಾಗುತ್ತದೆ.

ಮತ್ತೊಂದು ಸೂಕ್ಷ್ಮವಿದೆ, ಇದನ್ನು ಅನೇಕ ಎಲೆಕ್ಟ್ರಿಷಿಯನ್ನರೂ ಕಡೆಗಣಿಸುತ್ತಾರೆ. ದೀಪದ ಫೇಸ್ ಯಾವ ಮಂಡಲದ್ದೋ ನ್ಯೂಟ್ರಲ್ಲೂ ಅದೇ ಮಂಡಲದ್ದಾಗಿರಬೇಕು. ಆರ್‌ಸಿಸಿಬಿ ಎಂಬ ರಕ್ಷಕ ಸಾಧನವು ಹೋದ ವಿದ್ಯುತ್ತಿಗೂ ಮರಳಿದ ವಿದ್ಯುತ್ತಿಗೂ ಲೆಕ್ಕ ಹಾಕುತ್ತಿರುತ್ತದೆ. ಬ್ಯಾಂಕಿನ ಜಮಾ-ಖರ್ಚಿನಂತೆ ಎರಡೂ ತಾಳೆಯಾಗಲೇಬೇಕು. ಮನೆಗಳಲ್ಲಿ ಹಾಕುವ ಸಾಧನ 30 ಮಿಲಿ ಆಂಪಿಯರ್ ವ್ಯತ್ಯಾಸಕ್ಕೇ ಸಂಪರ್ಕವನ್ನು ಕಡಿದುಬಿಡುತ್ತದೆ. ಪಕ್ಕದ ಮಂಡಲದ ನ್ಯೂಟ್ರಲ್ ಎರವಲು ತಂದರೆ ಮಾಡ್ಯೂಲಿನ ಹಾಗೂ ದೀಪದ ಪಾಲು ಬೇರೆ ಖಾತೆಗೆ ಜಮೆಯಾಗಿ, ಕಾರಣ ತಿಳಿಯದೆ ಮನೆಯೆಲ್ಲ ಆಗಾಗ ಕತ್ತಲಾಗುತ್ತದೆ. ಆಗ ಆರ್‌ಸಿಸಿಬಿಯನ್ನೇ ಕಿತ್ತು ಹಾಕಲು ಸಲಹೆ ಕೊಡುವವರ ಮಾತಿಗೆ ಕಿವಿಗೊಡಬಾರದು. ಇನ್ವರ್ಟರ್ ಇರುವ ಮನೆಗಳಲ್ಲಿ ಈ ಬೆರಕೆಯ ಸಂಭವ ಹೆಚ್ಚು.

ಜೋಡಣೆ

ದೀಪ, ಫ್ಯಾನು, ಸ್ವಿಚ್ಚುಗಳನ್ನು ಮೊದಲಿನ ಸಾಮರ್ಥ್ಯ ಮತ್ತು ಸ್ವರೂಪ ಬದಲಾಗದಂತೆ ಬದಲಿಸುವ ಕೆಲಸಕ್ಕೆ ವಿದ್ಯುತ್ ಸುರಕ್ಷತಾ ನಿಯಮಗಳಲ್ಲಿ ವಿನಾಯಿತಿಯಿದೆ. ಹೊಸ ತಂತಿ ಎಳೆಯುವುದು ಪರವಾನಗಿ ಪಡೆದವರ ಕೆಲಸ. ವಿನಾಯಿತಿ ಇದ್ದರೂ ಮಾಡ್ಯೂಲ್ ಜೋಡಣೆಯನ್ನು ತಿಳಿದವರಿಂದಲೇ ಮಾಡಿಸಿ, ಯಜಮಾನರು ಪಕ್ಕದಲ್ಲಿ ನಿಂತು ನೋಡಿಕೊಳ್ಳುವುದು ಒಳ್ಳೆಯದು.

ಮೊದಲು ಮುಖ್ಯ ಸ್ವಿಚ್ಚನ್ನೇ ಆರಿಸಬೇಕು. ಒಂದೇ ಫಲಕಕ್ಕೆ ಎರಡು ಮಂಡಲಗಳ ತಂತಿಗಳು ಬಂದಿರುವುದುಂಟಾದ್ದರಿಂದ ಒಂದು ಎಂಸಿಬಿ ಆರಿಸಿದರೆ ಸಾಲದು. ಇನ್ವರ್ಟರ್ ಇದ್ದರೆ ಅದನ್ನೂ ಪ್ರತ್ಯೇಕವಾಗಿ ಆರಿಸಬೇಕು. ಮುಖ್ಯ ಸ್ವಿಚ್ಚು ಆರಿದ ಮರುಕ್ಷಣವೇ ಇನ್ವರ್ಟರ್ ತಾನಾಗಿ ವಿದ್ಯುತ್ತು ಕೊಡಲಾರಂಭಿಸುತ್ತದೆ ಎಂಬುದನ್ನು ಮರೆತು ಕೈಯಿಟ್ಟರೆ ಆಗುವ ಅನಾಹುತಕ್ಕೆ ಪರಿಹಾರವಿಲ್ಲ. ಟೆಸ್ಟರನ್ನು ಮೊದಲು ವಿದ್ಯುತ್ತಿರುವ ಕಡೆ ಒತ್ತಿ ಅದು ಸರಿಯಿದೆಯೆಂದು ಖಚಿತಪಡಿಸಿಕೊಂಡು, ಬಳಿಕ ಫಲಕದ ಪ್ರತಿ ತಂತಿಯನ್ನೂ ಪರೀಕ್ಷಿಸಬೇಕು. ಬಿಚ್ಚುವ ಮೊದಲು ತಂತಿಗಳ ಛಾಯಾಚಿತ್ರವೊಂದನ್ನು ತೆಗೆದಿಡುವುದು ಲೇಸು.

ಮಾಡ್ಯೂಲಿನ 'ಎಲ್' ಗುರುತಿಗೆ ಫೇಸ್, 'ಎನ್' ಗುರುತಿಗೆ ನ್ಯೂಟ್ರಲ್, ಹೊರಹೋಗುವ ಗುರುತಿಗೆ ದೀಪಕ್ಕೆ ಹೋಗುವ ತಂತಿ. ಹಳೆಯ ಸ್ವಿಚ್ಚು ಇನ್ನು ದೀಪದ ವಿದ್ಯುತ್ತನ್ನು ಹೊರುವುದಿಲ್ಲ, ಮಾಡ್ಯೂಲಿಗೆ ಸಂಜ್ಞೆಯನ್ನಷ್ಟೇ ಕೊಡುತ್ತದೆ. ಇಲ್ಲಿ ಎರಡು ಸಂಪ್ರದಾಯಗಳಿವೆ. ಕೆಲವು ಮಾಡ್ಯೂಲುಗಳಲ್ಲಿ ಸ್ವಿಚ್ಚಿನ ಎರಡೂ ತುದಿಗಳು ಮಾಡ್ಯೂಲಿನ ಎರಡು ಸಂಜ್ಞಾ ತುದಿಗಳಿಗೇ ಸೇರಬೇಕು, ಹೊರಗಿನ ಫೇಸ್ ಅವುಗಳಿಗೆ ತಾಗಲೇಕೂಡದು. ತಾಗಿದರೆ ಮಾಡ್ಯೂಲ್ ಸುಟ್ಟುಹೋಗುತ್ತದೆ. ಇನ್ನು ಕೆಲವುಗಳಲ್ಲಿ ಫೇಸ್ ತಂತಿಯೇ ಸ್ವಿಚ್ಚಿನ ಮೂಲಕ ಸಂಜ್ಞಾ ತುದಿಗೆ ಬರಬೇಕು. ನೋಡಲು ಎರಡೂ ಒಂದೇ ತೆರನಾಗಿರುವುದರಿಂದ ಪೆಟ್ಟಿಗೆಯೊಳಗಿನ ನಕ್ಷೆಯನ್ನು ಓದದೆ ಜೋಡಿಸಲಾಗದು. ಮುಂಚಿನ ಫಲಕದ ಅನುಭವ ಇಲ್ಲಿ ಉಪಯೋಗಕ್ಕೆ ಬಾರದು.

ಭಾರದ ಲೆಕ್ಕವೂ ಮುಖ್ಯ. 10 ಆಂಪಿಯರ್ ಮಾಡ್ಯೂಲ್ ಕಾಗದದ ಮೇಲೆ 2300 ವಾಟ್ ತಾಳುತ್ತದೆಯಾದರೂ 2000 ವಾಟಿನ ಗೀಸರನ್ನು ಅದಕ್ಕೆ ಸೇರಿಸುವುದು ವಿವೇಕವಲ್ಲ. ಗೀಸರಿಗೆ 16 ಆಂಪಿಯರ್ ಅಥವಾ ಹೆಚ್ಚಿನದೇ ಬೇಕು. ಅನೇಕ ಎಲ್‌ಇಡಿ ದೀಪಗಳು ಒಮ್ಮೆಗೇ ಹೊತ್ತುವಾಗ ಕ್ಷಣಕಾಲ ಭಾರಿ ವಿದ್ಯುತ್ತನ್ನು ಸೆಳೆಯುತ್ತವೆ, ಅದರಿಂದ ರಿಲೇಯ ತುದಿಗಳು ಬೆಸೆದುಕೊಂಡು ದೀಪ ಆರದೇ ಉಳಿಯುವುದುಂಟು. ಫ್ಯಾನಿಗೆ ದೀಪದ ಮಂದಕವನ್ನು ಎಂದೂ ಜೋಡಿಸಬಾರದು. ಮೋಟಾರು ಗುಂಯ್‌ಗುಟ್ಟಿ ಬಿಸಿಯಾಗುತ್ತದೆ.

ಕೊನೆಗೆ ತಂತಿಗಳನ್ನು ಒತ್ತಿ ತುರುಕದೆ ಪೆಟ್ಟಿಗೆಯಲ್ಲಿ ಮಡಿಸಿಡಬೇಕು. ಲೋಹದ ಪೆಟ್ಟಿಗೆಯೂ ಕಾಂಕ್ರೀಟ್ ಗೋಡೆಯೂ ರೇಡಿಯೋ ಅಲೆಗಳನ್ನು ಕುಗ್ಗಿಸುವುದರಿಂದ, ಮುಚ್ಚುವ ಮೊದಲೇ ವೈ-ಫೈ ತಲುಪುತ್ತಿದೆಯೇ ಎಂದು ಫಲಕದ ಬಳಿ ದೂರವಾಣಿ ಹಿಡಿದು ನೋಡಿಕೊಳ್ಳಬೇಕು.

ಹೊಂದಾಣಿಕೆ

ವಿದ್ಯುತ್ತು ಮರಳಿ ಕೊಟ್ಟ ಮೇಲೆ ಮೊದಲು ಗೋಡೆಯ ಸ್ವಿಚ್ಚಿನಿಂದಲೇ ದೀಪ ಹೊತ್ತಿಸಿ ನೋಡಬೇಕು. ಅದು ಸರಿಯಾದ ಬಳಿಕವೇ ದೂರವಾಣಿಯ ಸರದಿ. ಇಂತಹ ಬಹುತೇಕ ಮಾಡ್ಯೂಲುಗಳು 2.4 ಗಿಗಾಹರ್ಟ್ಸ್ ವೈ-ಫೈಗೆ ಮಾತ್ರ ಓಗೊಡುತ್ತವೆ. ರೌಟರ್ ಎರಡೂ ಪಟ್ಟಿಗಳನ್ನು ಒಂದೇ ಹೆಸರಿನಲ್ಲಿ ಕೊಡುತ್ತಿದ್ದು ಜೋಡಣೆ ವಿಫಲವಾದರೆ, 5 ಗಿಗಾಹರ್ಟ್ಸ್ ಪಟ್ಟಿಯನ್ನು ಹತ್ತು ನಿಮಿಷ ನಿಲ್ಲಿಸಿ ಪ್ರಯತ್ನಿಸಬಹುದು. ಡಬ್ಲ್ಯೂಪಿಎ-3 ಭದ್ರತೆಯನ್ನು ಅರಿಯದ ಹಳೆಯ ಮಾಡ್ಯೂಲುಗಳಿಗೆ ಡಬ್ಲ್ಯೂಪಿಎ-2 ಬೇಕಾಗುತ್ತದೆ. ತಯಾರಕರ ಆ್ಯಪ್ ಬ್ಲೂಟೂತ್ ಮತ್ತು ಸ್ಥಳದ ಅನುಮತಿ ಕೇಳುತ್ತದೆ. ಜೋಡಣೆಗೆ ಅವು ಬೇಕು, ಅನಂತರ ಸ್ಥಳದ ಅನುಮತಿಯನ್ನು ಹಿಂತೆಗೆದುಕೊಳ್ಳಬಹುದು.

"ವಿದ್ಯುತ್ತು ಮರಳಿದಾಗಿನ ಸ್ಥಿತಿ" ಎಂಬ ಆಯ್ಕೆಯನ್ನು ಬಹಳ ಜನ ನೋಡುವುದೇ ಇಲ್ಲ. ಅದನ್ನು ಹಾಗೆಯೇ ಬಿಟ್ಟರೆ, ರಾತ್ರಿ ಕರೆಂಟು ಹೋಗಿ ಬಂದಾಗ ಮನೆಯ ದೀಪಗಳೆಲ್ಲ ಧಗ್ಗನೆ ಹೊತ್ತಿ ಮಲಗಿದವರು ಗಾಬರಿಯಿಂದ ಏಳುವ ಪ್ರಸಂಗ ಬರಬಹುದು. ಮಲಗುವ ಕೋಣೆಗೆ "ಆರಿದ ಸ್ಥಿತಿ" ಸೂಕ್ತ. ಬಚ್ಚಲಮನೆಯ ದಾರಿಯ ದೀಪಕ್ಕೆ "ಹಿಂದಿನ ಸ್ಥಿತಿ". ಸ್ವಿಚ್ಚು ಸಾಮಾನ್ಯದ್ದೋ, ಕರೆಗಂಟೆಯಂತೆ ಒತ್ತಿ ಬಿಡುವಂಥದ್ದೋ ಎಂಬುದನ್ನೂ ಆ್ಯಪ್‌ನಲ್ಲಿ ತಿಳಿಸಬೇಕು, ಇಲ್ಲವಾದರೆ ಎರಡು ಸಲ ಒತ್ತಿದರೆ ಒಂದು ಸಲ ಹೊತ್ತುವ ವಿಚಿತ್ರ ಕಾಣುತ್ತದೆ. ಧ್ವನಿಯಂತ್ರಕ್ಕಾಗಿ ಹೆಸರಿಡುವಾಗ ಚಿಕ್ಕ, ಸ್ಪಷ್ಟ ಪದಗಳಿರಲಿ. ಆಂಗ್ಲ ಉಚ್ಚಾರಣೆಗೆ ಒಗ್ಗಿದ ಯಂತ್ರ "ದೇವರ ಮನೆ"ಯನ್ನು ಏನೇನಾಗಿಯೋ ಕೇಳಿಸಿಕೊಳ್ಳುವುದುಂಟು. "ಅಮ್ಮ" ಎಂಬ ಹೆಸರು ಮಾತ್ರ ಯಾವ ಯಂತ್ರಕ್ಕೂ ಕಷ್ಟವಾಗಲಾರದು.

ಸದಾ ಎಚ್ಚರವಿರುವುದಕ್ಕೆ ಒಂದು ಖರ್ಚಿದೆ. ಮಾಡ್ಯೂಲ್ ಒಂದು ವಾಟ್ ಬಳಸುತ್ತದೆಂದು ಹಿಡಿದರೂ ವರ್ಷಕ್ಕೆ ಸುಮಾರು 9 ಯೂನಿಟ್. ಇದಕ್ಕಿಂತ ದೊಡ್ಡದು ತಯಾರಕರ ಮೇಲಿನ ಅವಲಂಬನೆ. ಅಮೆರಿಕದ ರಿವಾಲ್ವ್ ಕೇಂದ್ರಪೆಟ್ಟಿಗೆಯ ಸೇವೆ 2016ರ ಮೇ ತಿಂಗಳಲ್ಲಿ ನಿಂತು ಕೊಂಡವರ ಪೆಟ್ಟಿಗೆಗಳು ನಿರುಪಯುಕ್ತವಾದವು. 2022ರ ಏಪ್ರಿಲಿನಲ್ಲಿ ಇನ್‌ಸ್ಟಿಯಾನ್ ಸಂಸ್ಥೆಯ ಸರ್ವರುಗಳು ಮುನ್ಸೂಚನೆಯಿಲ್ಲದೆ ಸ್ತಬ್ಧಗೊಂಡವು. ಅಂತರ್ಜಾಲವಿಲ್ಲದೆಯೂ ಮನೆಯೊಳಗಿನ ಜಾಲದಲ್ಲಿಯೇ ನಡೆಯುವ ಮಾಡ್ಯೂಲುಗಳನ್ನು ಹುಡುಕಿ ಕೊಳ್ಳಬೇಕೆಂದು ನಾವು ಒತ್ತಿ ಹೇಳುವುದು ಇದಕ್ಕಾಗಿ. ಕಾರ್ಖಾನೆಯ ಪಾಸ್‌ವರ್ಡುಗಳನ್ನೇ ಉಳಿಸಿಕೊಂಡ ಕ್ಯಾಮೆರಾ, ರೌಟರುಗಳನ್ನು 2016ರಲ್ಲಿ ಮಿರಾಯ್ ಎಂಬ ದುಷ್ಟ ತಂತ್ರಾಂಶ ವಶಪಡಿಸಿಕೊಂಡದ್ದನ್ನು ನೆನೆದು ರೌಟರಿನ ಪಾಸ್‌ವರ್ಡನ್ನು ಬದಲಿಸುವುದೂ ಅಗತ್ಯ.

ಆ್ಯಪ್ ಖಾತೆಯನ್ನು ಮನೆಯಲ್ಲಿರುವ ಹಿರಿಯರ ಹೆಸರಿನಲ್ಲಿಯೇ ತೆರೆದು, ದೂರದ ಮಕ್ಕಳಿಗೆ ಅದರಲ್ಲಿ ಪಾಲು ಕೊಡುವುದು ಉಚಿತ. ಫ್ಲ್ಯಾಟನ್ನು ಬಾಡಿಗೆಗೆ ಕೊಡುವಾಗ ಅಥವಾ ಮಾರುವಾಗ ಪ್ರತಿ ಮಾಡ್ಯೂಲನ್ನೂ ಖಾತೆಯಿಂದ ಅಳಿಸಿ ಮೂಲಸ್ಥಿತಿಗೆ ತರಬೇಕು. ಮುಖ್ಯ ಫಲಕದ ಬಾಗಿಲಿನ ಒಳಮೈಗೆ, ಯಾವ ಸ್ವಿಚ್ಚಿನ ಹಿಂದೆ ಮಾಡ್ಯೂಲ್ ಇದೆ ಎಂಬ ಚೀಟಿಯೊಂದನ್ನು ಅಂಟಿಸಿದರೆ ಮುಂದೆ ದುರಸ್ತಿಗೆ ಬರುವವರ ಕೈ ಸುರಕ್ಷಿತವಾಗಿರುತ್ತದೆ.