ಟ್ಯಾಬ್ ಕಡತದಿಂದ ಕ್ಲೌಡ್ ಡೇಟಾಬೇಸಿಗೆ: ಶ್ರೀರಾಮನಗರದ ಕೃಷಿ ದತ್ತಾಂಶದ ನೆಲೆಯಲ್ಲಿ ಒಂದು ವಿವೇಚನೆ

ತುಂಗಭದ್ರಾ ಎಡದಂಡೆ ಕಾಲುವೆಗೆ ನೀರು ಬಂದ ಮೇಲೆ ಆಂಧ್ರದಿಂದ ಬಂದ ರೈತರು ಗಂಗಾವತಿ ಸೀಮೆಯಲ್ಲಿ ಕಟ್ಟಿಕೊಂಡ ಕ್ಯಾಂಪುಗಳಲ್ಲಿ ಶ್ರೀರಾಮನಗರ ಪ್ರಮುಖವಾದುದು. ಭತ್ತದ ಗದ್ದೆ, ಅಕ್ಕಿ ಗಿರಣಿಗಳೇ ಇಲ್ಲಿನ ಜೀವನಾಧಾರ. ಇಂಥ ಊರಿನ ಹಿಡುವಳಿ, ಬೆಳೆ, ಮಾರಾಟದ ವಿವರಗಳು ಕ್ಲೌಡ್ ಡೇಟಾಬೇಸಿಗೆ ಏರುವಾಗ ಅಂಕಣಗಳ ಸ್ವರೂಪವನ್ನು ಊಹಿಸುವ ಕೆಲಸವನ್ನು ಯಂತ್ರಕ್ಕೆ ಬಿಡಬಾರದು, ಎಲ್ಲವನ್ನೂ ಮೊದಲು ಪಠ್ಯವಾಗಿಯೇ ಇಳಿಸಿಕೊಳ್ಳಬೇಕು ಎಂಬುದು ಈ ಲೇಖನದ ವಾದ.

ನಮ್ಮ ದಾಖಲೆಗಳಿಗೆ ಅಲ್ಪವಿರಾಮದಿಂದ ಅಂಕಣ ಬೇರ್ಪಡಿಸುವ ಸಿಎಸ್‌ವಿ ಕಡತ ಒಗ್ಗುವುದಿಲ್ಲ. ‘ಶ್ರೀರಾಮನಗರ, ಗಂಗಾವತಿ ತಾ.’ ಎಂಬ ವಿಳಾಸದಲ್ಲೂ ‘1,25,000’ ಎಂಬ ಮೊತ್ತದಲ್ಲೂ ಅಲ್ಪವಿರಾಮವಿದೆ. ಅಲ್ಲೆಲ್ಲ ಅಂಕಣ ಒಡೆಯುತ್ತದೆ. 1993ರಲ್ಲಿ ಅಂತರಜಾಲದ ಕಡತ ಮಾದರಿಯಾಗಿ ನೋಂದಣಿಯಾದ ಟ್ಯಾಬ್ ಪದ್ಧತಿಯ ನಿಯಮ ಸರಳ: ಅಂಕಣದೊಳಗೆ ಟ್ಯಾಬ್ ಬರಕೂಡದು. ಪೋಸ್ಟ್‌ಗ್ರೆಸ್ ಡೇಟಾಬೇಸಿನ ‘ಕಾಪಿ’ ಆಜ್ಞೆ ಪಠ್ಯ ಕಡತಕ್ಕೆ ಟ್ಯಾಬನ್ನೇ ಸಹಜ ವಿಭಾಜಕವೆಂದು ಹಿಡಿಯುತ್ತದೆ. ಬಿಗ್‌ಕ್ವೆರಿ ಎಂಬ ಕ್ಲೌಡ್ ಡೇಟಾಬೇಸಿನಲ್ಲಿ ಕಡತವನ್ನು ಸಿಎಸ್‌ವಿ ಎಂದೇ ಕರೆದು ವಿಭಾಜಕವನ್ನು ಟ್ಯಾಬಿಗೆ ಬದಲಿಸಬೇಕು.

ನಿಜವಾದ ತೊಡಕಿರುವುದು ವಿಸ್ತೀರ್ಣದಲ್ಲಿ. ಪಹಣಿಯ ರೂಢಿಯಂತೆ 2.20 ಎಂದರೆ ಎರಡು ಎಕರೆ ಇಪ್ಪತ್ತು ಗುಂಟೆ. ನಲವತ್ತು ಗುಂಟೆಗೆ ಒಂದು ಎಕರೆಯಾದ್ದರಿಂದ ಅದು ಎರಡೂವರೆ ಎಕರೆ. ಬಿಗ್‌ಕ್ವೆರಿಯ ಸ್ವಯಂಪತ್ತೆ ಹೆಚ್ಚೆಂದರೆ ಮೊದಲ 500 ಸಾಲು ನೋಡಿ ಇದನ್ನು ದಶಾಂಶ ಸಂಖ್ಯೆಯೆಂದು ತೀರ್ಮಾನಿಸುತ್ತದೆ. ಕೊನೆಯ ಸೊನ್ನೆ ಅಳಿದು 2.2 ಉಳಿಯುತ್ತದೆ. ಎರಡು ಎಕರೆ ಎರಡು ಗುಂಟೆಯನ್ನು 2.2 ಎಂದೇ ಬರೆದ ಇನ್ನೊಂದು ಸಾಲು ಅದೇ ಕಡತದಲ್ಲಿದ್ದರೆ ಎರಡನ್ನೂ ಮತ್ತೆ ಬೇರ್ಪಡಿಸಲು ದಾರಿಯೇ ಇಲ್ಲ. ಹದಿನೆಂಟು ಗುಂಟೆ ಭತ್ತದ ಗದ್ದೆ ಸಣ್ಣ ರೈತನಿಗೆ ಸಣ್ಣದಲ್ಲ. ಕೂಡುವಾಗಲೂ ಇದೇ ಪಾಡು: 1.30ಕ್ಕೆ 1.30 ಸೇರಿಸಿದರೆ ಯಂತ್ರ 2.60 ಎನ್ನುತ್ತದೆ, ಶ್ಯಾನುಭೋಗರ ಲೆಕ್ಕದಲ್ಲಿ ಅದು 3.20. ಹಿಸ್ಸಾ ಸಹಿತ ‘5/2’ ಎಂಬ ಸರ್ವೆ ನಂಬರಂತೂ ಸ್ಪ್ರೆಡ್‌ಶೀಟಿನಲ್ಲೇ ದಿನಾಂಕವಾಗಿ ಮಾರ್ಪಟ್ಟಿರುತ್ತದೆ.

ಹೆಸರುಗಳದು ಬೇರೆ ಕಥೆ. ‘ಶ್ರೀರಾಮನಗರ’ ಯುನಿಕೋಡ್‌ನಲ್ಲಿ ಹತ್ತು ಸಂಕೇತ, ಯುಟಿಎಫ್-8ರಲ್ಲಿ 30 ಬೈಟ್. ಆದರೆ ‘ಶ್ರೀ’ಯ ದೀರ್ಘವನ್ನು ಗುಡಿಸು ಮತ್ತು ದೀರ್ಘಚಿಹ್ನೆ ಎಂದು ಬಿಡಿಸಿ ದಾಖಲಿಸಲೂ ಬರುತ್ತದೆ, ಆಗ ಹನ್ನೊಂದು ಸಂಕೇತ, 33 ಬೈಟ್. ಕಣ್ಣಿಗೆ ಎರಡೂ ಒಂದೇ, ಬೈಟ್‌ಗಳನ್ನು ಹೋಲಿಸುವ ಡೇಟಾಬೇಸಿಗೆ ಎರಡು ಊರು. ಏರಿಸುವ ಮುನ್ನ ಬಿಡಿ ಸಂಕೇತಗಳನ್ನು ಕೂಡಿಸುವ ಯುನಿಕೋಡ್‌ನ ಎನ್‌ಎಫ್‌ಸಿ ರೂಪಕ್ಕೆ ತಂದರೆ ಇದು ನೀಗುತ್ತದೆ. ಹಳೆಯ ನುಡಿ ಅಕ್ಷರಶೈಲಿಯ ಕಡತಗಳಿಗೆ ಅದಕ್ಕೂ ಮೊದಲು ಯುನಿಕೋಡ್ ಪರಿವರ್ತನೆ ಬೇಕು. ಹೆಸರನ್ನೇ ಕೀಲಿಯಾಗಿಸುವುದು ಮಾತ್ರ ಸಲ್ಲದು. 2011ರ ಜನಗಣತಿಯ ಗಂಗಾವತಿ ತಾಲ್ಲೂಕಿನಿಂದ ಕಾರಟಗಿ, ಕನಕಗಿರಿಗಳು ಈಗ ಬೇರೆಯಾಗಿವೆ. ಆ ಹಳ್ಳಿಗಳನ್ನು ಹಳೆಯ ಪಟ್ಟಿಗೆ ಜೋಡಿಸಲು ಗ್ರಾಮ ಸಂಕೇತವೇ ಗತಿ.

ಇನ್ನು ದೋಷದ ಸಾಲುಗಳು. ಬಿಗ್‌ಕ್ವೆರಿಯಲ್ಲಿ ಅವುಗಳ ಅನುಮತಿಯ ಮಿತಿ ಮೂಲತಃ ಸೊನ್ನೆ. ಕೆಲಸ ಬೇಗ ಮುಗಿಯಲೆಂದು ಅದನ್ನು ಏರಿಸುವ ರೂಢಿಯನ್ನು ನಾನು ಒಪ್ಪಲಾರೆ. ಬಿಟ್ಟುಹೋದ ಪ್ರತಿ ಸಾಲೂ ಒಬ್ಬರ ಹಿಡುವಳಿ. ಅಂಥ ಸಾಲುಗಳನ್ನು ಪ್ರತ್ಯೇಕ ಕೋಷ್ಟಕದಲ್ಲಿರಿಸಿ ಗ್ರಾಮ ಆಡಳಿತಾಧಿಕಾರಿಯ ಎದುರು ತಿದ್ದಬೇಕು.

ಪರಿವರ್ತನೆ ಅನಂತರದ ಹಂತ. ಪಠ್ಯದ ವಿಸ್ತೀರ್ಣವನ್ನು ಚುಕ್ಕೆಯಲ್ಲಿ ಒಡೆದು, ಎಕರೆಯನ್ನು ನಲವತ್ತರಿಂದ ಗುಣಿಸಿ, ಗುಂಟೆ ಕೂಡಿಸಿ ಪೂರ್ಣಾಂಕವಾಗಿ ಇಡಬೇಕು. ಚುಕ್ಕೆಯ ನಂತರ ನಲವತ್ತು ಅಥವಾ ಅದಕ್ಕೂ ದೊಡ್ಡ ಅಂಕಿ ಕಂಡರೆ ಆ ಸಾಲು ಸಂಶಯಾಸ್ಪದ. ಕೊನೆಗೆ ಸಾಲುಗಳ ಎಣಿಕೆಯೊಂದೇ ಸಾಲದು. ಸರ್ವೆ ನಂಬರುವಾರು ಗುಂಟೆಗಳ ಮೊತ್ತವೂ ಮೂಲ ಪಹಣಿಗೆ ತಾಳೆಯಾಗಬೇಕು.